ಲಿನಕ್ಸ್ ಮತ್ತು ಮುಕ್ತ ತಂತ್ರಾಂಶದಲ್ಲೇ ಇಡೀ ಹ್ಯಾಮ್ ಸ್ಟೇಷನ್ ನಡೆಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಹ್ಯಾಮ್ (ಹವ್ಯಾಸಿ ರೇಡಿಯೋ) ಪರೀಕ್ಷೆ ಪಾಸಾಗಿದೆ, ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು) ಕೈಗೆ ಬಂದಿದೆ, ಒಂದು ಎಚ್‌ಎಫ್ ರಿಗ್ (ಶಾರ್ಟ್‌ವೇವ್ ರೇಡಿಯೋ ಸೆಟ್) ಇದೆ. ಮನೆಯಲ್ಲಿರುವುದು ಲಿನಕ್ಸ್ ಲ್ಯಾಪ್‌ಟಾಪ್ ಮಾತ್ರ. ಡಿಜಿಟಲ್ ಮೋಡ್ (ಕಂಪ್ಯೂಟರ್ ಮೂಲಕ ಸಂದೇಶ ಕಳಿಸುವ ವಿಧಾನ), ಲಾಗ್ (ಸಂಪರ್ಕಗಳ ದಾಖಲೆ), ಉಪಗ್ರಹ ಎಲ್ಲವನ್ನೂ ಓಪನ್ ಸೋರ್ಸ್ ತಂತ್ರಾಂಶದಲ್ಲೇ ನಡೆಸಬಹುದೇ, ಇಲ್ಲ ವಿಂಡೋಸ್ ಹಾಕಿಸಲೇಬೇಕೇ?

ನಡೆಸಬಹುದು. ನಾನು ವರ್ಷಗಳಿಂದ ಹಾಗೇ ನಡೆಸುತ್ತಿದ್ದೇನೆ. ಆದರೆ ತಂತ್ರಾಂಶಗಳ ಪಟ್ಟಿ ಹಿಡಿದು ಒಂದೇ ಸಂಜೆ ಎಲ್ಲವನ್ನೂ ಹಾಕಿಕೊಳ್ಳಬೇಡಿ. ಒಂದೊಂದೂ ತನ್ನಷ್ಟಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೈಕೊಡುವುದು ಅವು ಒಂದಕ್ಕೊಂದು ಸೇರುವ ಜಾಗದಲ್ಲಿ. ಗಡಿಯಾರ ಸರಿ ಇದೆಯಾ, ಶಬ್ದದ ಮಟ್ಟ ಸರಿ ಇದೆಯಾ, ರಿಗ್ ಯಾವ ಪ್ರೋಗ್ರಾಮಿನ ಕೈಯಲ್ಲಿದೆ – ಈ ಮೂರನ್ನು ನೋಡಿಕೊಂಡರೆ ಮುಕ್ಕಾಲು ಪಾಲು ತಲೆನೋವು ಬರುವುದೇ ಇಲ್ಲ.

ಮೊದಲ ವಾರ ಬರೀ ಕೇಳಿ. ಟ್ರಾನ್ಸ್‌ಮಿಟ್ ಬೇಡ. ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬ ತಂತ್ರಾಂಶ ಹಾಕಿಕೊಳ್ಳಿ, ಅದರಲ್ಲಿ ಎಫ್‌ಟಿ8 ಎಂಬ ಡಿಜಿಟಲ್ ಮೋಡ್ ಆರಿಸಿಕೊಳ್ಳಿ, ರಿಗ್ಗನ್ನು 14.074 ಮೆಗಾಹರ್ಟ್ಸ್‌ಗೆ ತನ್ನಿ. ರಾತ್ರಿಯಾದರೆ 7.074. ಎರಡರಲ್ಲೂ ರಿಗ್ಗಿನ ಮೋಡ್ ಅಪ್ಪರ್ ಸೈಡ್‌ಬ್ಯಾಂಡೇ (ಫ್ರೀಕ್ವೆನ್ಸಿಯ ಮೇಲಿನ ಬದಿಯಲ್ಲಿ ಪ್ರಸಾರ) ಇರಲಿ. 40 ಮೀಟರ್ ಬ್ಯಾಂಡಿನಲ್ಲಿ (7 ಮೆಗಾಹರ್ಟ್ಸ್) ಮಾತಿಗೆ ಲೋಯರ್ ಬಳಸುತ್ತೇವಲ್ಲ, ಆ ಅಭ್ಯಾಸದಲ್ಲಿ ಹೊಸಬರು ಇಲ್ಲೂ ಲೋಯರ್ ಇಟ್ಟುಕೊಂಡು ಯಾಕೆ ಏನೂ ಬರುತ್ತಿಲ್ಲ ಅಂತ ಕೂತಿರುತ್ತಾರೆ. ಈ ತಂತ್ರಾಂಶದ ಮೂಲ ಬರೆದವರು ಜೋ ಟೇಲರ್. ಜೋಡಿ ನಕ್ಷತ್ರಗಳಲ್ಲೊಂದಾದ ಪಲ್ಸಾರ್ (ರೇಡಿಯೋ ಮಿಡಿತ ಸೂಸುವ ನಕ್ಷತ್ರ) ಪತ್ತೆ ಮಾಡಿದ್ದಕ್ಕೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಆಕಾಶದಿಂದ ಬರುವ ಕ್ಷೀಣ ಸಿಗ್ನಲ್ ಹುಡುಕಿ ಪಳಗಿದವರು ಅದೇ ಕೆಲಸವನ್ನು ಹ್ಯಾಮ್‌ಗಳಿಗೂ ಮಾಡಿಕೊಟ್ಟರು. ಸ್ಟೀವ್ ಫ್ರ್ಯಾಂಕ್ ಜೊತೆ ಸೇರಿ 2017ರಲ್ಲಿ ಎಫ್‌ಟಿ8 ತಂದರು. ಎಫ್ ಅಂದರೆ ಫ್ರ್ಯಾಂಕ್, ಟಿ ಅಂದರೆ ಟೇಲರ್, 8 ಅಂದರೆ ಎಂಟು ಸ್ವರ. ಒಂದು ಸಿಗ್ನಲ್ ಹಿಡಿಯುವ ಜಾಗ ಸುಮಾರು 50 ಹರ್ಟ್ಸ್ ಮಾತ್ರ. ಹಾಗಾಗಿ ಒಬ್ಬರು ಮಾತಾಡುವಷ್ಟು ಜಾಗದಲ್ಲಿ ಹತ್ತಾರು ಮಂದಿ ಒಟ್ಟಿಗೆ ಕೂರಬಹುದು. ಕಿವಿಗೆ ಬರೀ ಗೊರಗೊರ ಅನ್ನಿಸುವಾಗಲೂ ಪರದೆಯ ಮೇಲೆ ಸಾಲು ಸಾಲಾಗಿ ಕಾಲ್‌ಸೈನ್ ಬೀಳುತ್ತವೆ. ಮೊದಲ ಸಲ ಅದನ್ನು ನೋಡಿದ ಸಂಜೆ ನಾನು ಊಟಕ್ಕೆ ಏಳಲಿಲ್ಲ.

ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳನ್ನು ಚಿತ್ರವಾಗಿ ತೋರಿಸುವ ಕಿಟಕಿ) ಗೆರೆಗಳು ಚೆನ್ನಾಗಿ ಕಾಣುತ್ತಿವೆ, ಆದರೆ ಒಂದೂ ಡಿಕೋಡ್ ಆಗುತ್ತಿಲ್ಲ ಅಂದರೆ ಮೊದಲು ಗಡಿಯಾರ ನೋಡಿ. ಎಫ್‌ಟಿ8ನಲ್ಲಿ ಎಲ್ಲರೂ ಸರಿಯಾಗಿ 15 ಸೆಕೆಂಡಿಗೊಮ್ಮೆ ಶುರು ಮಾಡುತ್ತಾರೆ. ಪ್ರಸಾರ 12.64 ಸೆಕೆಂಡು, ಉಳಿದದ್ದು ಡಿಕೋಡ್ ಮಾಡಲು. ನಿಮ್ಮ ಗಡಿಯಾರ ಒಂದು ಸೆಕೆಂಡಿನೊಳಗೆ ಸರಿ ಇರಬೇಕು. ಲಿನಕ್ಸ್‌ನಲ್ಲಿ ಕ್ರೋನಿ ಹಾಕಿಬಿಟ್ಟರೆ ಅದು ಸುಮ್ನೆ ತನ್ನ ಪಾಡಿಗೆ ಸಮಯ ಸರಿ ಮಾಡುತ್ತಿರುತ್ತದೆ. ಡಿಕೋಡ್ ಆದ ಸಾಲುಗಳಲ್ಲಿ ಡಿಟಿ (ಸೆಕೆಂಡುಗಳಲ್ಲಿ ಸಮಯದ ವ್ಯತ್ಯಾಸ) ಅಂತ ಒಂದು ಕಾಲಂ ಇದೆ, ಅದರ ಮೇಲೆ ಕಣ್ಣಿರಲಿ. ಯಾರೋ ಒಬ್ಬರದು 1.3 ಅಂತ ಇದ್ದರೆ ಅವರ ಗಡಿಯಾರ ಕೆಟ್ಟಿದೆ. ಎಲ್ಲರದೂ 1.3ರ ಆಸುಪಾಸಿನಲ್ಲಿದ್ದರೆ ಕೆಟ್ಟಿರುವುದು ನಿಮ್ಮದು.

ಇನ್ನು ಶಬ್ದ. ಒಳಗೆ ಬರುವ ಶಬ್ದಕ್ಕೆ ಡಬ್ಲ್ಯುಎಸ್‌ಜೆಟಿ-ಎಕ್ಸ್‌ನ ಎಡಗಡೆ ಮೂಲೆಯಲ್ಲಿ ಒಂದು ಪಟ್ಟಿ ಇದೆ. ಬ್ಯಾಂಡ್ ಸುಮ್ಮನಿರುವಾಗ ಅದು 30 ಡಿಬಿ ಹತ್ತಿರ ಇದ್ದರೆ ಸಾಕು, ಜಾಸ್ತಿ ಏರಿಸಿದರೆ ಏನೂ ಲಾಭವಿಲ್ಲ. ಹೊರಗೆ ಹೋಗುವ ಶಬ್ದದಲ್ಲೇ ನಿಜವಾದ ಎಚ್ಚರಿಕೆ ಬೇಕು. ನನ್ನ ಮೊದಲ ವಾರದಲ್ಲಿ ಆಗಿದ್ದು ಹೇಳುತ್ತೇನೆ. ಪವರ್ ಪೂರ್ತಿ ಬರಲಿ ಅಂತ ಲ್ಯಾಪ್‌ಟಾಪಿನ ವಾಲ್ಯೂಮನ್ನು ತುದಿಗೆ ತಳ್ಳಿದ್ದೆ. ರಿಗ್ಗಿನ ಎಎಲ್‌ಸಿ ಮೀಟರ್ ತುಂಬಿ ನಿಂತಿತ್ತು. ಎಎಲ್‌ಸಿ ಅಂದರೆ ಒಳಬರುವ ದನಿ ಮಿತಿ ಮೀರಿದಾಗ ರಿಗ್ ತಾನೇ ಅದನ್ನು ತಗ್ಗಿಸುವ ವ್ಯವಸ್ಥೆ. ಅದು ಏರಿದೆ ಅಂದರೆ ಸಿಗ್ನಲ್ ಆಗಲೇ ಹಿಸುಕಿಹೋಗುತ್ತಿದೆ ಅಂತ ಅರ್ಥ. ಮರುದಿನ ದೂರದ ಹ್ಯಾಮ್ ಒಬ್ಬರು ತಮ್ಮ ಪರದೆಯ ಚಿತ್ರ ಕಳಿಸಿದರು. 700 ಹರ್ಟ್ಸ್‌ನಲ್ಲಿ ನನ್ನ ಸಿಗ್ನಲ್. 1400ರಲ್ಲಿ ಅದರದೇ ನೆರಳು. 2100ರಲ್ಲಿ ಇನ್ನೊಂದು. ಮೂರು ಜನರ ಜಾಗವನ್ನು ನಾನೊಬ್ಬನೇ ಹಿಡಿದಿದ್ದೆ. ಅವತ್ತಿನಿಂದ ವಾಲ್ಯೂಮನ್ನು ಎಎಲ್‌ಸಿ ಅಲುಗದಷ್ಟಕ್ಕೇ ಇಡುತ್ತೇನೆ. ಸೆಟ್ಟಿಂಗ್‌ನಲ್ಲಿ ಸ್ಪ್ಲಿಟ್ ಅನ್ನುವ ಆಯ್ಕೆ ಇದೆ, ಅದನ್ನೂ ಹಾಕಿಕೊಳ್ಳಿ. ಆಗ ತಂತ್ರಾಂಶವು ಆಡಿಯೋ ಸ್ವರವನ್ನು 1500ರಿಂದ 2000 ಹರ್ಟ್ಸ್ ಒಳಗೇ ಇಟ್ಟುಕೊಂಡು ರಿಗ್ಗಿನ ಫ್ರೀಕ್ವೆನ್ಸಿಯನ್ನು ಸರಿಸುತ್ತದೆ. ನೆರಳುಗಳು 3000ದ ಆಚೆ ಬೀಳುತ್ತವೆ, ರಿಗ್ಗಿನ ಫಿಲ್ಟರ್ ಅವನ್ನು ತಡೆಯುತ್ತದೆ. ಹಾಗೆಯೇ, ರಿಗ್ಗಿಗೆ ಹೋಗುವ ಸೌಂಡ್ ಕಾರ್ಡ್ ಲ್ಯಾಪ್‌ಟಾಪಿನ ಮಾಮೂಲಿ ಔಟ್‌ಪುಟ್ ಆಗಿರಬಾರದು. ಇಲ್ಲದಿದ್ದರೆ ಇಮೇಲ್ ಬಂದ ಟಿಂಗ್ ಶಬ್ದವೂ ಪ್ರಸಾರವಾಗುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. ಕಂಪ್ಯೂಟರಿನಿಂದ ರಿಗ್ಗನ್ನು ನಿಯಂತ್ರಿಸುವ ಸೀರಿಯಲ್ ಪೋರ್ಟ್ ಒಂದೇ. ಎಫ್‌ಟಿ8 ಪ್ರೋಗ್ರಾಮಿಗೂ ಅದು ಬೇಕು, ಲಾಗಿಗೂ ಬೇಕು, ಉಪಗ್ರಹದ ಪ್ರೋಗ್ರಾಮಿಗೂ ಬೇಕು. ಮೂವರೂ ನೇರವಾಗಿ ಅದಕ್ಕೆ ಕೈ ಹಾಕಿದರೆ ಒಬ್ಬರು ಕೇಳಿದ್ದಕ್ಕೆ ಬಂದ ಉತ್ತರ ಇನ್ನೊಬ್ಬರ ಕೈಗೆ ಹೋಗುತ್ತದೆ, ಆಮೇಲೆ ಎಲ್ಲ ನಿಂತುಹೋಗುತ್ತದೆ. ಇದಕ್ಕೆ ಹ್ಯಾಮ್‌ಲಿಬ್ ಇದೆ. ಬೇರೆ ಬೇರೆ ಕಂಪನಿಗಳ ನೂರಾರು ರಿಗ್ಗುಗಳ ಭಾಷೆ ಅದಕ್ಕೆ ಗೊತ್ತು. ಅದರ ಜೊತೆ ಬರುವ ರಿಗ್‌ಸಿಟಿಎಲ್‌ಡಿ ಎಂಬ ಪುಟ್ಟ ಪ್ರೋಗ್ರಾಮ್ ಒಂದೇ ಸೀರಿಯಲ್ ಪೋರ್ಟ್ ಹಿಡಿದುಕೊಳ್ಳಲಿ. ಉಳಿದವರೆಲ್ಲ ನೆಟ್‌ವರ್ಕ್ ಪೋರ್ಟ್ 4532ರಲ್ಲಿ ಅದನ್ನು ಕೇಳಲಿ. ಡಬ್ಲ್ಯುಎಸ್‌ಜೆಟಿ-ಎಕ್ಸ್‌ನಲ್ಲಿ ನಿಮ್ಮ ರಿಗ್ಗಿನ ಹೆಸರಿನ ಬದಲು 'ಹ್ಯಾಮ್‌ಲಿಬ್ ನೆಟ್ ರಿಗ್‌ಸಿಟಿಎಲ್' ಅಂತ ಆರಿಸಿಕೊಂಡರೆ ಆಯಿತು. ಎಫ್‌ಎಲ್‌ರಿಗ್ ಅಂತ ಇನ್ನೊಂದು ಇದೆ, ಅದೂ ಇದೇ ಕೆಲಸ ಮಾಡುತ್ತದೆ. ಗುಂಡಿ, ಮೀಟರ್ ಎಲ್ಲ ಪರದೆಯ ಮೇಲೆ ಕಾಣಬೇಕು ಅನ್ನುವವರಿಗೆ ಅದು ಹಿತ. ಎರಡರಲ್ಲಿ ಯಾವುದಾದರೂ ಸರಿ, ಯಜಮಾನ ಒಬ್ಬನೇ ಇರಲಿ.

ಬೇರೆ ಏನನ್ನೂ ತೆರೆಯುವ ಮೊದಲು ಟರ್ಮಿನಲ್‌ನಲ್ಲಿ ಹ್ಯಾಮ್‌ಲಿಬ್‌ನದೇ ಆದ ರಿಗ್‌ಸಿಟಿಎಲ್ (rigctl) ಶುರು ಮಾಡಿ, ಸಣ್ಣಕ್ಷರದ ಎಫ್ (f) ಒತ್ತಿ ಎಂಟರ್ ಕೊಡಿ. ರಿಗ್ಗಿನ ಫ್ರೀಕ್ವೆನ್ಸಿ ಹರ್ಟ್ಸ್‌ನಲ್ಲಿ 14074000 ಅಂತ ಬಂದರೆ ಸಂಪರ್ಕ ಸರಿ ಇದೆ. ದೊಡ್ಡಕ್ಷರದ ಎಫ್ (F) ಬರೆದು ಮುಂದೆ 7074000 ಕೊಡಿ. ರಿಗ್ಗಿನೊಳಗೆ ರಿಲೇ ಟಕ್ ಅನ್ನುತ್ತದೆ, ಬ್ಯಾಂಡ್ ಬದಲಾಗುತ್ತದೆ. ಇಷ್ಟಾಗುವ ತನಕ ಮುಂದಿನ ಹೆಜ್ಜೆ ಇಡಬೇಡಿ.

ಇಲ್ಲಿ ಲಿನಕ್ಸಿನದೇ ಕೆಲವು ತೊಡಕುಗಳಿವೆ. 'ಅನುಮತಿ ಇಲ್ಲ' ಅಂತ ಬಂದರೆ ನಿಮ್ಮ ಯೂಸರ್ ಡಯಲ್‌ಔಟ್ ಗುಂಪಿನಲ್ಲಿಲ್ಲ. ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಕೆಲವು ಡಿಸ್ಟ್ರೋಗಳಲ್ಲಿ ಆ ಗುಂಪಿನ ಹೆಸರು ಬೇರೆ ಇರುತ್ತದೆ. ಪೋರ್ಟಿಗೆ ಬರುವ ಟಿಟಿವೈಯುಎಸ್‌ಬಿ0 (ttyUSB0) ಅನ್ನುವ ಹೆಸರನ್ನು ನಂಬಬೇಡಿ. ಇನ್ನೊಂದು ಕೇಬಲ್ ಚುಚ್ಚಿದರೆ ನಾಳೆ ಅದೇ 1 ಆಗಿರುತ್ತದೆ. ಡೆವ್ ಫೋಲ್ಡರಿನ ಸೀರಿಯಲ್ ಒಳಗೆ ಬೈ-ಐಡಿ (/dev/serial/by-id) ಅಂತ ಇದೆ, ಅಲ್ಲಿನ ಉದ್ದ ಹೆಸರು ಬದಲಾಗುವುದಿಲ್ಲ. ಅದನ್ನೇ ಕೊಡಿ. ಪಿಟಿಟಿಯನ್ನು (ರಿಗ್ಗನ್ನು ಪ್ರಸಾರಕ್ಕೆ ಹಾಕುವ ಸ್ವಿಚ್) ಸೀರಿಯಲ್ ಪೋರ್ಟಿನ ಆರ್‌ಟಿಎಸ್ ತಂತಿಗೆ ಕಟ್ಟಿದ್ದರೆ ಇನ್ನೂ ಹುಷಾರಾಗಿರಿ. ಲಿನಕ್ಸ್ ಸೀರಿಯಲ್ ಪೋರ್ಟ್ ತೆರೆದ ಕೂಡಲೇ ಸಾಮಾನ್ಯವಾಗಿ ಆರ್‌ಟಿಎಸ್, ಡಿಟಿಆರ್ ಎಂಬ ಎರಡೂ ತಂತಿಗಳನ್ನು ಆನ್ ಮಾಡುತ್ತದೆ. ಅಂದರೆ ನೀವು ಏನೂ ಒತ್ತದೆಯೇ ರಿಗ್ ಟ್ರಾನ್ಸ್‌ಮಿಟ್‌ಗೆ ಹೋಗಬಹುದು. ಮೊದಲ ಪ್ರಯೋಗವೆಲ್ಲ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ಸಾಧನ) ಮೇಲೆ ಆಗಲಿ.

ಕೇಳುವಾಗ ಎಲ್ಲ ಸರಿ, ಟ್ರಾನ್ಸ್‌ಮಿಟ್ ಒತ್ತಿದ ತಕ್ಷಣ ಯುಎಸ್‌ಬಿ ಕಡಿದುಹೋಗುತ್ತದೆ ಅಂದರೆ ತಂತ್ರಾಂಶವನ್ನು ಮತ್ತೆ ಮತ್ತೆ ಹಾಕಬೇಡಿ. ಆರ್‌ಎಫ್ (ಪ್ರಸಾರದ ರೇಡಿಯೋ ಶಕ್ತಿ) ನಿಮ್ಮ ಕೇಬಲ್ ಮೇಲೆ ಹರಿದು ಬರುತ್ತಿದೆ. ಪವರ್ ಇಳಿಸಿ ನೋಡಿ. 50 ವಾಟ್‌ನಲ್ಲಿ ಕಡಿಯುತ್ತದೆ, 5 ವಾಟ್‌ನಲ್ಲಿ ಇಲ್ಲ ಅಂದರೆ ಅನುಮಾನವೇ ಬೇಡ. ಯುಎಸ್‌ಬಿ ಕೇಬಲನ್ನು ಫೆರೈಟ್ ರಿಂಗಿನಲ್ಲಿ ಏಳೆಂಟು ಸುತ್ತು ಸುತ್ತಿ. ಆಂಟೆನಾದ ಬುಡದಲ್ಲಿ ಕಾಮನ್ ಮೋಡ್ ಚೋಕ್ (ಕೇಬಲ್ಲಿನ ಹೊರಮೈ ಮೇಲೆ ಹರಿಯುವ ಆರ್‌ಎಫ್ ತಡೆಯುವ ಸುರುಳಿ) ಹಾಕಿದರೆ ಇನ್ನೂ ಒಳ್ಳೆಯದು. ಕಾರಣ ಇರುವುದು ಅಲ್ಲೇ ಅಲ್ವಾ.

ಇಷ್ಟಾದ ಮೇಲೆ ನಿಮ್ಮ ಮೊದಲ ಸಂಪರ್ಕ ಹೀಗಿರುತ್ತದೆ. ನೀವು ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆಯುತ್ತೀರಿ: ಕಾಲ್‌ಸೈನ್, ನಿಮ್ಮ ಗ್ರಿಡ್‌ನ (ಸ್ಥಳ ತಿಳಿಸುವ ಸಂಕೇತ) ನಾಲ್ಕು ಅಕ್ಷರ. ಹದಿನೈದು ಸೆಕೆಂಡು ಕಾಯುತ್ತೀರಿ. ಸಾಲುಗಳ ನಡುವೆ ಒಂದು ಕೆಂಪಗೆ ಬೀಳುತ್ತದೆ, ಅದರಲ್ಲಿ ನಿಮ್ಮದೇ ಕಾಲ್‌ಸೈನ್ ಇದೆ. ಅವರ ಸಿಗ್ನಲ್ ಎಷ್ಟು ಬಲವಾಗಿ ಬಂತು ಅಂತ ನೀವು ಮೈನಸ್ 14 ಡಿಬಿ ವರದಿ ಕೊಡುತ್ತೀರಿ. ಅವರು ಸಿಕ್ಕಿತು ಅಂತ ಆರ್ ಸೇರಿಸಿ ಮೈನಸ್ 17 ಅನ್ನುತ್ತಾರೆ. ನೀವು ಆರ್‌ಆರ್73 (ಸಿಕ್ಕಿತು, ಶುಭಾಶಯ), ಅವರು 73 (ಶುಭಾಶಯ). ಒಂದೂವರೆ ನಿಮಿಷ. ಬರೀ ಯಂತ್ರಗಳ ಮಾತು ಅನ್ನುವವರಿದ್ದಾರೆ. ಒಂದು ತುಂಡು ತಂತಿ, ಸಣ್ಣ ಪವರ್ ಇಟ್ಟುಕೊಂಡು ಸಮುದ್ರದಾಚೆ ತಲುಪಿದಾಗ ನನಗೆ ಈಗಲೂ ಎದೆ ತುಂಬಿ ಬರುತ್ತದೆ. ಅಂದಹಾಗೆ, ಟ್ರಾನ್ಸ್‌ಮಿಟ್ ವಾಚ್‌ಡಾಗನ್ನು ಆಫ್ ಮಾಡಬೇಡಿ. ನೀವು ಎದ್ದು ಹೋದರೂ ರಿಗ್ ಕೂಗುತ್ತಲೇ ಇರದಂತೆ ಅದು ಕಾಯುತ್ತದೆ.

ಉಳಿದವನ್ನು ಬೇಗ ಹೇಳುತ್ತೇನೆ. ಪಿಎಸ್‌ಕೆ31, ಆರ್‌ಟಿಟಿವೈ ಎಂಬ ಡಿಜಿಟಲ್ ಮೋಡ್‌ಗಳಿಗೆ ಎಫ್‌ಎಲ್‌ಡಿಜಿ. ಟೈಪ್ ಮಾಡಿ ನಿಜವಾಗಿ ಹರಟೆ ಹೊಡೆಯಲು ಎಫ್‌ಟಿ8ಗಿಂತ ಇದೇ ಸರಿ. ಎಪಿಆರ್‌ಎಸ್‌ಗೆ (ಸ್ಥಳ, ಸಣ್ಣ ಸಂದೇಶ ಕಳಿಸುವ ವ್ಯವಸ್ಥೆ) ಡೈರ್‌ವುಲ್ಫ್, ಬೇರೆ ಟಿಎನ್‌ಸಿ (ರೇಡಿಯೋ ಮೋಡೆಮ್) ಪೆಟ್ಟಿಗೆ ಬೇಕಿಲ್ಲ. ಉಪಗ್ರಹಕ್ಕೆ ಜಿಪ್ರೆಡಿಕ್ಟ್. 435 ಮೆಗಾಹರ್ಟ್ಸ್‌ನಲ್ಲಿ ಕೆಳಕಕ್ಷೆಯ ಉಪಗ್ರಹ ಹಾದುಹೋಗುವಾಗ ಡಾಪ್ಲರ್‌ನಿಂದ (ಉಪಗ್ರಹದ ಓಟದ ಪರಿಣಾಮ) ಫ್ರೀಕ್ವೆನ್ಸಿ ಆಚೀಚೆ ಸುಮಾರು 10 ಕಿಲೋಹರ್ಟ್ಸ್ ಸರಿಯುತ್ತದೆ. ಜಿಪ್ರೆಡಿಕ್ಟ್ ಅದೇ ರಿಗ್‌ಸಿಟಿಎಲ್‌ಡಿ ಮೂಲಕ ರಿಗ್ಗಿನ ಫ್ರೀಕ್ವೆನ್ಸಿಯನ್ನು ತಾನೇ ಸರಿಪಡಿಸುತ್ತಾ ಹೋಗುತ್ತದೆ. ಹ್ಯಾಂಡ್‌ಹೆಲ್ಡ್‌ಗಳಿಗೆ (ಕೈಯಲ್ಲಿ ಹಿಡಿಯುವ ಸೆಟ್‌ಗಳು) ಚಾನೆಲ್ ತುಂಬಲು ಚಿರ್ಪ್. ಬರೆಯುವ ಮೊದಲು ಅದರಲ್ಲಿರುವುದನ್ನು ಓದಿ ಒಂದು ಪ್ರತಿ ಇಟ್ಟುಕೊಳ್ಳಿ.

ಲಾಗಿಗೆ ಸಿಕ್ಯೂಆರ್‌ಲಾಗ್ ಅಥವಾ ಬ್ರೌಸರಿನಲ್ಲಿ ನಡೆಯುವ ವೇವ್‌ಲಾಗ್. ಯಾವುದೇ ಇರಲಿ, ಎಡಿಐಎಫ್ (ಲಾಗ್ ವಿನಿಮಯದ ಸಾಮಾನ್ಯ ನಮೂನೆ) ಕಡತವಾಗಿ ಹೊರತೆಗೆಯಲು ಬರಬೇಕು. ಅದು ಬರೀ ಪಠ್ಯ. ಪ್ರತಿ ಮಾಹಿತಿಗೂ ಒಂದು ಹೆಸರು, ಅದರಲ್ಲಿ ಎಷ್ಟು ಅಕ್ಷರ ಇದೆ ಅನ್ನುವ ಎಣಿಕೆ, ಆಮೇಲೆ ಆ ಮಾಹಿತಿ. ಯಾವ ಎಡಿಟರಿನಲ್ಲಿ ತೆರೆದರೂ ಓದಬಹುದು. ಲಾಗ್ ತಂತ್ರಾಂಶ ನಾನು ಮೂರು ಸಲ ಬದಲಿಸಿದ್ದೇನೆ, ಒಂದು ಸಂಪರ್ಕವೂ ಕಳೆದಿಲ್ಲ. ಸಮಯ ಮಾತ್ರ ಯಾವಾಗಲೂ ಯುಟಿಸಿಯಲ್ಲೇ (ಜಾಗತಿಕ ಸಮಯ) ಇರಲಿ.

ಮುಕ್ತ ತಂತ್ರಾಂಶ ಎಲ್ಲಿ ಸಾಲದು ಅನ್ನುವುದನ್ನೂ ಹೇಳಬೇಕು. ರಿಗ್ಗಿನ ಫರ್ಮ್‌ವೇರ್ ಹೊಸದಾಗಿಸಲು ಕೆಲವು ಕಂಪನಿಗಳು ವಿಂಡೋಸ್ ಪ್ರೋಗ್ರಾಮ್ ಮಾತ್ರ ಕೊಡುತ್ತವೆ. ವರ್ಷಕ್ಕೊಮ್ಮೆ ಸ್ನೇಹಿತರ ಕಂಪ್ಯೂಟರ್ ಕೇಳಿ ಮಾಡಿಕೊಳ್ಳಿ, ಅದಕ್ಕಾಗಿ ಲಿನಕ್ಸ್ ಬಿಡಬೇಕಿಲ್ಲ. ಡಿಜಿಟಲ್ ದನಿಯದು ಇನ್ನೊಂದು ಕಥೆ. ಡಿ-ಸ್ಟಾರ್, ಡಿಎಂಆರ್ ಎಂಬ ಡಿಜಿಟಲ್ ದನಿ ವಿಧಾನಗಳ ರಿಗ್ಗುಗಳಲ್ಲಿ ದನಿಯನ್ನು ಕುಗ್ಗಿಸುವ ಎಎಂಬಿಇ ಒಂದು ಕಂಪನಿಯ ಸ್ವತ್ತು. ಹ್ಯಾಮ್ ಬ್ಯಾಂಡಿನಲ್ಲಿ ಇದು ನನಗೆ ಒಪ್ಪಿಗೆಯಾಗುವುದಿಲ್ಲ. ಬೇರೆ ದೇಶದ ಹ್ಯಾಮ್ ಜೊತೆ ಅರ್ಥ ಮರೆಮಾಚುವ ಸಂಕೇತದಲ್ಲಿ ಮಾತಾಡಬಾರದು ಅಂತ ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿಯ 25ನೇ ವಿಧಿ ಹೇಳುತ್ತದೆ. ಎಎಂಬಿಇ ಆ ನಿಯಮ ಮುರಿಯುತ್ತದೆ ಅಂತಲ್ಲ. ಆದರೆ ಯಾರು ಬೇಕಾದರೂ ಕೇಳಬಹುದಾದ ಬ್ಯಾಂಡಿನಲ್ಲಿ, ಕೇಳುವ ವಿಧಾನವನ್ನೂ ಯಾರು ಬೇಕಾದರೂ ಬಿಚ್ಚಿ ನೋಡುವಂತಿರಬೇಕು. ಆಸ್ಟ್ರೇಲಿಯಾದ ಡೇವಿಡ್ ರೋ ಇದಕ್ಕಾಗಿಯೇ ಕೋಡೆಕ್ 2 ಎಂಬ, ದನಿ ಕುಗ್ಗಿಸುವ ಮುಕ್ತ ತಂತ್ರಾಂಶ ಬರೆದರು. ಸೆಕೆಂಡಿಗೆ 3200 ಬಿಟ್‌ನಿಂದ 700 ಬಿಟ್‌ವರೆಗೂ ಇಳಿಸಿ ಮಾತು ಕಳಿಸಬಹುದು. ಎಚ್‌ಎಫ್‌ನಲ್ಲಿ ಅದನ್ನು ಬಳಸಲು ಫ್ರೀಡಿವಿ ಇದೆ. ಎಫ್‌ಟಿ8 ಒಂದು ಹದಕ್ಕೆ ಬಂದ ಮೇಲೆ ಖಂಡಿತ ನೋಡಿ.

ನಿಮ್ಮ ರಿಗ್ ಯಾವುದು ಅಂತ ಬರೆದಿಲ್ಲ. ಒಂದೇ ಯುಎಸ್‌ಬಿ ಕೇಬಲ್ಲಿನಲ್ಲಿ ಶಬ್ದ, ಕಂಟ್ರೋಲ್ ಎರಡೂ ಬರುವ ಮಾದರಿಯಾದರೆ ಮೇಲೆ ಹೇಳಿದ್ದು ಸಾಕು. ಹಳೆಯದಾಗಿದ್ದು ಹಿಂದೆ ಡೇಟಾ ಸಾಕೆಟ್ ಮಾತ್ರ ಇದ್ದರೆ ನಡುವೆ ಒಂದು ಇಂಟರ್‌ಫೇಸ್ ಬೇಕಾಗುತ್ತದೆ. ಮಾದರಿಯ ಹೆಸರು ತಿಳಿಸಿ, ಯಾವ ಪಿನ್ ಎಲ್ಲಿಗೆ ಹೋಗಬೇಕು ಅಂತ ಬಿಡಿಸಿ ಬರೆಯುತ್ತೇನೆ.