ಓದುಗರ ಪ್ರಶ್ನೆ: ಸಂಶೋಧಕರಿಗೆ ಕಳುಹಿಸಿದ ಕೊಂಡಿಗಳು ಮತ್ತೆ ಕೈಗೆ ಸಿಗುವುದು ಹೇಗೆ?

ಪ್ರಶ್ನೆ: ನಾನು ಪದವಿ ಕಾಲೇಜೊಂದರ ಗ್ರಂಥಪಾಲಕಿ. ಶಾಸನ ಮತ್ತು ಸ್ಥಳೀಯ ಇತಿಹಾಸದ ಬಗ್ಗೆ ಕೆಲಸ ಮಾಡುವ ಏಳೆಂಟು ಮಂದಿ ಸಂಶೋಧನಾರ್ಥಿಗಳಿಗೆ ಉಪಯುಕ್ತ ಲೇಖನ ಕಂಡಾಗಲೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೊಂಡಿ ಕಳುಹಿಸುತ್ತೇನೆ. ತಿಂಗಳು ಕಳೆದ ಮೇಲೆ ಅದೇ ಲೇಖನವನ್ನು ಕೇಳಿಕೊಂಡು ಬರುತ್ತಾರೆ. ಸೋಷಿಯಲ್ ಬುಕ್‌ಮಾರ್ಕಿಂಗ್ ಇದಕ್ಕೆ ಪರಿಹಾರವಾದೀತೇ?
— ಗ್ರಂಥಪಾಲಕಿ, ಉತ್ತರ ಕನ್ನಡ ಜಿಲ್ಲೆ

ಉತ್ತರ: ಆದೀತು. ವಾಟ್ಸ್ಆ್ಯಪ್ ಸುದ್ದಿ ಮುಟ್ಟಿಸುವುದಕ್ಕೆ ಸರಿ, ಕಾಪಿಡುವುದಕ್ಕಲ್ಲ. ಅಲ್ಲಿ ಹಾಕಿದ ಕೊಂಡಿ ಮರುದಿನದ ಶುಭೋದಯಗಳ ರಾಶಿಯಲ್ಲಿ ಹೂತುಹೋಗುತ್ತದೆ. ಬ್ರೌಸರಿನಲ್ಲಿ ನಮ್ಮಷ್ಟಕ್ಕೆ ಗುರುತಿಟ್ಟುಕೊಳ್ಳುವ ಕೊಂಡಿಯನ್ನು ಹತ್ತು ಜನಕ್ಕೆ ಕಾಣುವ ಕಪಾಟಿನಲ್ಲಿರಿಸಿ, ಅದಕ್ಕೊಂದು ಟ್ಯಾಗ್, ಎಂದರೆ ವಿಷಯ ಸೂಚಿಸುವ ಪುಟ್ಟ ಹೆಸರುಚೀಟಿ, ಅಂಟಿಸುವುದೇ ಸೋಷಿಯಲ್ ಬುಕ್‌ಮಾರ್ಕಿಂಗ್. 2003ರಲ್ಲಿ ಶುರುವಾದ ಡಿಲಿಷಿಯಸ್ ತಾಣ ಇದನ್ನು ಜನಪ್ರಿಯಗೊಳಿಸಿತು. ಮರುವರ್ಷವೇ ವಿದ್ವಾಂಸರಿಗೆಂದು ಸೈಟ್‌ಯುಲೈಕ್ ಮತ್ತು ಕನೋಟಿಯಾ ಬಂದವು. ಇವು ಕೊಂಡಿಯ ಜೊತೆಗೆ ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟಸಂಖ್ಯೆಗಳನ್ನೂ ತಾವೇ ಎತ್ತಿಕೊಳ್ಳುತ್ತಿದ್ದವು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯವಂತೂ ಪೆನ್‌ಟ್ಯಾಗ್ಸ್ ಎಂಬ ತನ್ನದೇ ವ್ಯವಸ್ಥೆಯನ್ನು ಕಟ್ಟಿ, ಗ್ರಂಥಸೂಚಿಯ ನಮೂದುಗಳಿಗೂ ಓದುಗರು ಟ್ಯಾಗ್ ಹಾಕಲು ಅವಕಾಶ ಕೊಟ್ಟಿತು.

ಇವುಗಳಲ್ಲಿ ಯಾವುದನ್ನೂ ಈಗ ನಿಮಗೆ ಬಳಸಿ ಎನ್ನಲಾರೆ. ಕನೋಟಿಯಾ 2013ರಲ್ಲಿ, ಸೈಟ್‌ಯುಲೈಕ್ 2019ರಲ್ಲಿ ಬಾಗಿಲು ಹಾಕಿದವು. ಡಿಲಿಷಿಯಸ್ ಕೈಯಿಂದ ಕೈಗೆ ಮಾರಾಟವಾಗುತ್ತ ಬಂದು, 2017ರಲ್ಲಿ ಹೊಸ ಕೊಂಡಿ ಸೇರಿಸಲಾಗದ ಸ್ಥಿತಿಗೆ ಇಳಿಯಿತು. ಆದ್ದರಿಂದ ಯಾವ ತಾಣವನ್ನೇ ಆರಿಸಿದರೂ ಮೊದಲು ಕೇಳಬೇಕಾದದ್ದು, ಇಟ್ಟದ್ದನ್ನೆಲ್ಲ ಒಂದೇ ಫೈಲಿನಲ್ಲಿ ಹೊರತೆಗೆಯಲು ಬರುತ್ತದೆಯೇ ಎಂದು.

ಈ ದೃಷ್ಟಿಯಿಂದ ನನ್ನ ಮತ ಝೊಟೆರೊ ಕಡೆಗೆ. ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2006ರಿಂದ ಉಚಿತವಾಗಿ ಸಿಗುತ್ತಿರುವ, ಲೇಖನ–ಪುಸ್ತಕಗಳ ವಿವರಗಳನ್ನು ಕೂಡಿಡುವ ಈ ತಂತ್ರಾಂಶದಲ್ಲಿ ನೀವೊಂದು ಗುಂಪು ತೆರೆದು ಸಂಶೋಧನಾರ್ಥಿಗಳನ್ನು ಸೇರಿಸಿಕೊಂಡರೆ, ಒಬ್ಬರು ಇಟ್ಟದ್ದು ಉಳಿದವರಿಗೆ ಅವರವರ ಕಂಪ್ಯೂಟರಿನಲ್ಲೇ ಕಾಣುತ್ತದೆ. ಬೇಕೆಂದಾಗ ಇಡೀ ಸಂಗ್ರಹವನ್ನು ಇಂಥ ಬೇರೆ ತಂತ್ರಾಂಶಗಳೂ ಓದಬಲ್ಲ ಆರ್‌ಐಎಸ್ ಎಂಬ ಬಗೆಯ ಫೈಲಾಗಿ ಇಳಿಸಿಕೊಳ್ಳಬಹುದು. ಆರು ತಿಂಗಳಿಗೊಮ್ಮೆ ಇಳಿಸಿ ಕಾಲೇಜಿನ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ವಿಭಾಗದಲ್ಲಿ ಇಂಥ ಗುಂಪು ಈಗಾಗಲೇ ಇದೆ. ಆದರೆ ಒಬ್ಬೊಬ್ಬರು ಒಂದೊಂದು ಟ್ಯಾಗ್ ಹಾಕುವುದರಿಂದ ಏನೂ ಸಿಗುವುದಿಲ್ಲ. ಟ್ಯಾಗ್‌ಗಳನ್ನೇ ಬಿಟ್ಟುಬಿಡುವುದು ಲೇಸಲ್ಲವೇ?
— ಇತಿಹಾಸ ಅಧ್ಯಾಪಕ, ಹಾಸನ

ಉತ್ತರ: ಬಿಡಬೇಡಿ, ಕಡಿಮೆ ಮಾಡಿ. ನಿಮ್ಮ ಜಿಲ್ಲೆಯದೇ ಉದಾಹರಣೆ ನೋಡೋಣ. ಒಬ್ಬರು ‘ಹಲ್ಮಿಡಿ’ ಎಂದು, ಇನ್ನೊಬ್ಬರು ‘ಹಲ್ಮಿಡಿ ಶಾಸನ’ ಎಂದು, ಮತ್ತೊಬ್ಬರು ಎರಡನ್ನೂ ಕೂಡಿಸಿ ‘ಹಲ್ಮಿಡಿಶಾಸನ’ ಎಂದು, ನಾಲ್ಕನೆಯವರು ರೋಮನ್ ಲಿಪಿಯಲ್ಲಿ ಬರೆದರೆ, ಕಂಪ್ಯೂಟರಿನ ಲೆಕ್ಕದಲ್ಲಿ ಇವು ನಾಲ್ಕು ಬೇರೆ ವಿಷಯಗಳು. ಸಮಾಸಪದವನ್ನು ಬಿಡಿಸಿಯೂ ಕೂಡಿಸಿಯೂ ಬರೆಯುವ ನಮ್ಮ ರೂಢಿ ಓದುವವರಿಗೆ ತೊಡಕಲ್ಲ, ಹುಡುಕುವವರಿಗೆ ದೊಡ್ಡ ತೊಡಕು.

ಬಳಕೆದಾರರು ತಮ್ಮಿಷ್ಟದಂತೆ ಹಾಕುವ ಇಂಥ ಟ್ಯಾಗ್‌ಗಳ ಒಟ್ಟು ಬಳಕೆಗೆ 2004ರಲ್ಲಿ ಥಾಮಸ್ ವಾಂಡರ್ ವಾಲ್ ಅವರು ‘ಫೋಕ್ಸಾನಮಿ’ ಎಂಬ ಹೆಸರಿಟ್ಟರು. ಗ್ರಂಥಾಲಯಗಳು ಮೊದಲೇ ಗೊತ್ತುಮಾಡಿಟ್ಟ ವಿಷಯ ಶೀರ್ಷಿಕೆಗಳ ಶಿಸ್ತಿನಲ್ಲಿ ಪಳಗಿದ ನಮ್ಮಂಥವರಿಗೆ ಇದು ಮೊದಲಿಗೆ ಅಪಚಾರವೆನಿಸಿದ್ದು ನಿಜ. ಆದರೂ ಸಂಶೋಧಕರು ತಾವು ಆಡುವ ಮಾತಿನಲ್ಲೇ ಹಾಕಿದ ಟ್ಯಾಗ್‌ನಲ್ಲಿ ನಮ್ಮ ಪಟ್ಟಿಗೆ ಇನ್ನೂ ಬಾರದ ಪದ ಸಿಗುತ್ತದೆಂಬುದನ್ನೂ ಒಪ್ಪಬೇಕು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು ವಿಷಯವನ್ನು ಮುಖಗಳಾಗಿ ಬಿಡಿಸುವಾಗ ಸ್ಥಳ ಮತ್ತು ಕಾಲಗಳನ್ನು ಪ್ರತ್ಯೇಕವಾಗಿ ಇಟ್ಟರಷ್ಟೆ. ಆ ದಾರಿಯನ್ನೇ ಹಿಡಿದು, ತಾಲ್ಲೂಕು ಒಂದು, ಶತಮಾನ ಒಂದು, ಬಗೆ ಒಂದು — ಎಂದರೆ ದಾನಶಾಸನವೋ ವೀರಗಲ್ಲೋ ಮಾಸ್ತಿಗಲ್ಲೋ — ಹೀಗೆ ಮೂರು ಕಡ್ಡಾಯ ಟ್ಯಾಗ್‌ಗಳನ್ನು ಗೊತ್ತುಮಾಡಿ, ಅವುಗಳ ಕಾಗುಣಿತವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಡಿ. ನಾಲ್ಕನೆಯದು ಅವರವರ ಇಷ್ಟ. ತಪ್ಪಾಗಿ ಬಂದ ಟ್ಯಾಗ್‌ನ ಹೆಸರನ್ನು ಝೊಟೆರೊದಲ್ಲಿ ಸರಿಯಾದ ಹೆಸರಿಗೆ ಬದಲಿಸಿದರೆ ಎರಡೂ ತಾವಾಗಿ ಒಂದಾಗುತ್ತವೆ. ದತ್ತಸಂಚಯಗಳಿಂದ ತಾನಾಗಿ ಬಂದು ತುಂಬಿಕೊಳ್ಳುವ ಟ್ಯಾಗ್‌ಗಳನ್ನು ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಿಬಿಡಿ. ಅರ್ಧ ಗೊಂದಲ ಅಲ್ಲಿಯದೇ ಇರುತ್ತದೆ.

ಟ್ಯಾಗ್‌ಗಿಂತಲೂ ನಾನು ಒತ್ತಾಯಿಸುವುದು ಒಂದು ಸಾಲಿನ ಟಿಪ್ಪಣಿಯನ್ನು. ಶಾಸನಗಳ ಸಂಗ್ರಹವಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟದ ಕೊಂಡಿ ಹಾಕಿದವರು, ಅದು ಬಿ. ಎಲ್. ರೈಸ್ ಅವರ ಮೂಲ ಆವೃತ್ತಿಯೋ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯೋ ಎಂದು ಬರೆಯದಿದ್ದರೆ, ಎರಡರ ಸಂಪುಟಸಂಖ್ಯೆಗಳು ಹೊಂದುವುದಿಲ್ಲವಾದ್ದರಿಂದ, ಮುಂದಿನವರು ಬೇರೆಯೇ ತಾಲ್ಲೂಕಿನ ಶಾಸನಗಳ ನಡುವೆ ಒಂದು ಮಧ್ಯಾಹ್ನ ಕಳೆಯುತ್ತಾರೆ. ‘ರೈಸ್ ಆವೃತ್ತಿ, ಸ್ಕ್ಯಾನ್‌ನಲ್ಲಿ ಕೊನೆಯ ಎರಡು ಫಲಕಗಳಿಲ್ಲ’ — ಇಷ್ಟು ಬರೆದರೆ ಸಾಕು. ಓದುಗರ ಸಮಯ ಉಳಿಸಿ ಎಂದು ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಹೇಳಿದ ನಾಲ್ಕನೆಯದಕ್ಕೆ ಇದಕ್ಕಿಂತ ಅಗ್ಗದ ಆಚರಣೆ ನನಗೆ ಗೊತ್ತಿಲ್ಲ.

ಪ್ರಶ್ನೆ: ಗುಂಪಿನಲ್ಲಿ ನಾನು ಹಾಕಿದ ಲೇಖನ ನನಗೆ ತೆರೆಯುತ್ತದೆ, ಗೆಳೆಯರಿಗೆ ತೆರೆಯುವುದಿಲ್ಲ. ಪಿಡಿಎಫ್ ಅನ್ನೇ ಹಾಕಿಬಿಡಬಹುದೇ?
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಗ್ರಂಥಾಲಯದ ಲಾಗಿನ್ ಮೂಲಕ ಒಳಹೊಕ್ಕಾಗ ವಿಳಾಸಪಟ್ಟಿಯಲ್ಲಿ ಕಾಣುವ ಉದ್ದನೆಯ ವಿಳಾಸ ಬಹುಮಟ್ಟಿಗೆ ನಿಮ್ಮೊಬ್ಬರದು, ಅದನ್ನು ನಕಲು ಮಾಡಿದ್ದರಿಂದ ಹೀಗಾಗಿರಬೇಕು. ಲೇಖನದ ಮೊದಲ ಪುಟದಲ್ಲಿ ಡಿಒಐ ಸಂಖ್ಯೆ (ಲೇಖನಕ್ಕೆ ಕೊಟ್ಟ ಶಾಶ್ವತ ಗುರುತುಸಂಖ್ಯೆ) ಇದ್ದರೆ ಅದನ್ನು, ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗಾದ ಪ್ರಬಂಧವಾದರೆ ಅದರ ನಮೂದಿನಲ್ಲಿ ಕೊಟ್ಟಿರುವ ಶಾಶ್ವತ ವಿಳಾಸವನ್ನು ಹಾಕಿ. ಗೆಳೆಯರು ತಮ್ಮ ತಮ್ಮ ಗ್ರಂಥಾಲಯದ ಮೂಲಕ ತೆರೆದುಕೊಳ್ಳಲಿ. ಚಂದಾ ಕಟ್ಟಿ ಪಡೆದ ಪಿಡಿಎಫ್ ಹಂಚುವುದು ಪರವಾನಗಿಯ ಷರತ್ತಿಗೆ ವಿರುದ್ಧವಾಗಬಹುದಾದ್ದರಿಂದ, ಮೊದಲು ನಿಮ್ಮ ಗ್ರಂಥಪಾಲಕರನ್ನು ಕೇಳಿ. ಯಾರು ಬೇಕಾದರೂ ಸೇರಬಹುದಾದ ಮುಕ್ತ ಗುಂಪಿನಲ್ಲಿ ಫೈಲು ಹಂಚಲು ಝೊಟೆರೊ ಬಿಡುವುದೂ ಇಲ್ಲ.