ಓದುಗರ ಪ್ರಶ್ನೆ, ಲ್ಯಾಬಿನಿಂದ ಉತ್ತರ: 4ಎಎ ಎಂಬ್ರಿಯೋ ಹಾಕಿದ್ರೂ ಯಾಕೆ ನಿಲ್ಲಲಿಲ್ಲ?

ಐವಿಎಫ್ ಲ್ಯಾಬಲ್ಲಿ, ಅಂದ್ರೆ ಅಂಡಾಣು ವೀರ್ಯಾಣುನ ದೇಹದ ಹೊರಗೆ ಸೇರಿಸೋ ಕಡೆ, ಎಂಬ್ರಿಯೋ (ಭ್ರೂಣ) ನೋಡ್ಕೊಳೋದು ನನ್ನ ಕೆಲಸ. ಈ ಸಲ ಬಂದಿರೋ ಪತ್ರಗಳಲ್ಲಿ ಹೆಚ್ಚಿನವು ಗ್ರೇಡು (ಎಂಬ್ರಿಯೋ ನೋಡೋಕ್ಕೆ ಹೇಗಿದೆ ಅಂತ ಕೊಡೋ 4ಎಎ ಥರದ ಗುರುತು) ಮತ್ತೆ ಕ್ರೋಮೋಸೋಮ್ (ಸೆಲ್ ಒಳಗೆ ಜೀನ್‌ಗಳನ್ನ ಹೊತ್ತಿರೋ ಎಳೆ) ಟೆಸ್ಟ್ ಬಗ್ಗೆನೇ ಇವೆ, ಹಾಗಾಗಿ ಪೂರ್ತಿ ಅಂಕಣ ಅದಕ್ಕೇ ಇಟ್ಕೊಂಡಿದೀನಿ.

ಪ್ರಶ್ನೆ: ನಂಗೆ 38 ವರ್ಷ, ಮೈಸೂರು ಕುವೆಂಪುನಗರದಲ್ಲಿ ಮನೆ. ಮೊದಲನೇ ಐವಿಎಫ್‌ನಲ್ಲಿ ಮೂರು ಬ್ಲಾಸ್ಟೊಸಿಸ್ಟ್ (ಐದಾರು ದಿನ ಬೆಳೆದ ಎಂಬ್ರಿಯೋ) ಸಿಕ್ತು. 4ಎಎ ಅಂತ ಇದ್ದಿದ್ದನ್ನ ಹಾಕಿದ್ರು, ಪಾಸಿಟಿವ್ ಬಂತು, ಎಂಟನೇ ವಾರದ ಸ್ಕ್ಯಾನಲ್ಲಿ ಹಾರ್ಟ್ ಬೀಟ್ ಇರ್ಲಿಲ್ಲ. ನಾನು ಮೆಟ್ಟಿಲು ಹತ್ತಿ ಇಳಿದಿದ್ದಕ್ಕೇ ಹೋಯ್ತು ಅಂತ ಅತ್ತೆ ಹೇಳ್ತಾನೇ ಇರ್ತಾರೆ. ಫ್ರೀಜ್ ಮಾಡಿರೋದು ಇನ್ನೆರಡಿದೆ, 4ಬಿಬಿ ಮತ್ತೆ 3ಬಿಸಿ. ಅವಕ್ಕೆ ಪಿಜಿಟಿ-ಎ, ಅಂದ್ರೆ ಕ್ರೋಮೋಸೋಮ್ ಎಣಿಸೋ ಟೆಸ್ಟ್, ಮಾಡಿಸಿ ಅಂತಿದಾರೆ ಡಾಕ್ಟ್ರು. ಮಾಡಿಸ್ಲಾ?

ಉತ್ತರ: ಮೊದಲು ಮೆಟ್ಟಿಲು ವಿಷಯ ಮುಗಿಸಿಬಿಡ್ತೀನಿ. ಮೆಟ್ಟಿಲು ಹತ್ತಿದ್ದಕ್ಕೆ, ಬಸ್ಸಲ್ಲಿ ಹೋಗಿದ್ದಕ್ಕೆ, ಪಪ್ಪಾಯಿ ತಿಂದಿದ್ದಕ್ಕೆ ಹಾರ್ಟ್ ಬೀಟ್ ನಿಲ್ಲಲ್ಲ. ಮೊದಲ ಮೂರು ತಿಂಗಳಲ್ಲಿ ಹೋಗೋ ಬಸಿರುಗಳಲ್ಲಿ ಸುಮಾರು ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಕ್ರೋಮೋಸೋಮ್ ಲೆಕ್ಕ ತಪ್ಪಿರೋದ್ರಿಂದ ಹೋಗ್ತವೆ, ಆ ತಪ್ಪು ನೀವು ಟ್ರಾನ್ಸ್‌ಫರ್ (ಎಂಬ್ರಿಯೋ ಹಾಕೋ) ಟೇಬಲ್ ಮೇಲೆ ಮಲಗೋಕ್ಕೆ ಎಷ್ಟೋ ದಿನ ಮುಂಚೆನೇ ಆಗಿಹೋಗಿರತ್ತೆ. ಈ ಪೇಜನ್ನ ಅತ್ತೆಗೂ ಓದೋಕ್ಕೆ ಕೊಡಿ, ದಯವಿಟ್ಟು.

ಈಗ ಗ್ರೇಡು. 4ಎಎ ಅಂದ್ರೆ ಮೈಕ್ರೋಸ್ಕೋಪ್ ಕೆಳಗೆ ಐದನೇ ಅಥವಾ ಆರನೇ ದಿನ ನಮಗೆ ಕಣ್ಣಿಗೆ ಕಂಡಿದ್ದು, ಅಷ್ಟೇ. ನಂಬರ್ 1ರಿಂದ 6ರವರೆಗೆ ಇರತ್ತೆ, ಎಂಬ್ರಿಯೋ ಎಷ್ಟು ಉಬ್ಬಿದೆ ಅನ್ನೋದನ್ನ ಹೇಳತ್ತೆ. 4 ಅಂದ್ರೆ ಚೆನ್ನಾಗಿ ಉಬ್ಬಿ ಹೊರಗಿನ ಸಿಪ್ಪೆ ತೆಳುವಾಗಿದೆ, 5 ಅಂದ್ರೆ ಸಿಪ್ಪೆ ಒಡ್ಕೊಂಡು ಹೊರಗೆ ಬರ್ತಿದೆ, 6 ಅಂದ್ರೆ ಪೂರ್ತಿ ಬಂದಾಯ್ತು. ಮೊದಲನೇ ಅಕ್ಷರ ಒಳಗಡೆ ಇರೋ ಸೆಲ್ ಗುಂಪಿಗೆ, ಮಗು ಆಗೋದು ಅದರಿಂದ. ಎರಡನೇ ಅಕ್ಷರ ಹೊರಗಿನ ಪದರಕ್ಕೆ, ಮಾಸು ಆಗೋದು ಅದರಿಂದ. ಒಂದೇ ಎಂಬ್ರಿಯೋಗೆ ನಾನು ಎ ಕೊಟ್ರೆ ಪಕ್ಕದಲ್ಲಿ ಕೂತಿರೋ ನಮ್ಮ ಹುಡುಗಿ ಬಿ ಕೊಡಬಹುದು, ಬೆಳಿಗ್ಗೆ ನೋಡಿದ್ದಕ್ಕೂ ಮಧ್ಯಾಹ್ನ ನೋಡಿದ್ದಕ್ಕೂ ವ್ಯತ್ಯಾಸ ಬರತ್ತೆ. ಗ್ರೇಡಿಗೆ ಬೆಲೆ ಇಲ್ಲ ಅಂತಲ್ಲ, ಎಎ ಗ್ರೇಡಿಂದು ಬಿ-ಸಿ ಗ್ರೇಡಿಗಿಂತ ಜಾಸ್ತಿ ನಿಲ್ಲತ್ತೆ ಅನ್ನೋದು ನಿಜ. ಆದ್ರೆ ಗೋಡೆ ಬಣ್ಣ ನೋಡಿ ಪಾಯ ಹೇಳಕ್ಕಾಗಲ್ವಲ್ಲ, ಹಾಗೇ ಎಎ ಇದ್ರೂ ಒಳಗೆ 46ರ ಬದಲು 45ನೋ 47ನೋ ಕ್ರೋಮೋಸೋಮ್ ಇರಬಹುದು. ಬಿಬಿ ಎಂಬ್ರಿಯೋಗಳಿಂದ ಹುಟ್ಟಿದ ಮಕ್ಕಳು ಇವತ್ತು ಶಾಲೆಗೆ ಹೋಗ್ತಿದಾವೆ.

ಲೆಕ್ಕ ತಪ್ಪೋದು ಹೆಚ್ಚಾಗಿ ಅಂಡಾಣು ಕಡೆಯಿಂದ. ಹೆಣ್ಣುಮಗು ತಾಯಿ ಹೊಟ್ಟೇಲಿ ಇರೋವಾಗ್ಲೇ ಅದರ ಅಂಡಾಣುಗಳೆಲ್ಲ ತಯಾರಾಗಿ ಕಾಯ್ತಾ ಇರ್ತವೆ. ನಿಮ್ಮ ಅಂಡಾಣುಗೂ ನಿಮ್ಮಷ್ಟೇ ವಯಸ್ಸು, ಕ್ರೋಮೋಸೋಮ್ ಜೋಡಿಗಳನ್ನ ಹಿಡಿದಿಟ್ಟಿರೋ ಪ್ರೋಟೀನ್ ವಯಸ್ಸಾಗ್ತಾ ಸಡಿಲ ಆಗತ್ತೆ, ಕೊನೇಲಿ ಹಂಚಿಕೆ ಆಗೋವಾಗ ಒಂದು ಹೆಚ್ಚು ಒಂದು ಕಮ್ಮಿ ಆಗೋಗತ್ತೆ. 35ರ ಒಳಗಿನವರಲ್ಲಿ ಬ್ಲಾಸ್ಟೊಸಿಸ್ಟ್ ಮೂರಕ್ಕೆ ಒಂದು ಹೀಗೆ ತಪ್ಪಿರತ್ತೆ, ನಿಮ್ಮ ವಯಸ್ಸಿಗೆ ಹತ್ರ ಹತ್ರ ಅರ್ಧ, 42 ದಾಟಿದ್ರೆ ನಾಲ್ಕಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ. ಇದು ಯಾರ ತಪ್ಪೂ ಅಲ್ಲ, ಖರ್ಜೂರ ತಿಂದ್ರೆ ಸರಿ ಹೋಗೋದೂ ಅಲ್ಲ.

ಟೆಸ್ಟ್ ಹೇಗೆ ಮಾಡ್ತೀವಿ ಅಂದ್ರೆ, ಎಂಬ್ರಿಯೋನ ಸಣ್ಣ ಗಾಜಿನ ಪಿಪೆಟ್‌ನಲ್ಲಿ ಹಿಡ್ಕೊಂಡು, ಸಿಪ್ಪೆಗೆ ಲೇಸರಲ್ಲಿ ತೂತು ಮಾಡಿ, ಹೊರಪದರದಿಂದ ಐದರಿಂದ ಹತ್ತು ಸೆಲ್ ಮೆಲ್ಲಗೆ ಎಳೆದು ಲೇಸರಿಂದಲೇ ಕತ್ತರಿಸ್ತೀವಿ. ಆ ಕ್ಷಣಕ್ಕೆ ಎಂಬ್ರಿಯೋ ಕುಸಿದು ಮುದುಡಿಕೊಳ್ಳತ್ತೆ, ಗಾಬರಿ ಇಲ್ಲ, ಆಮೇಲೆ ಮತ್ತೆ ಉಬ್ಬತ್ತೆ. ಜೆನೆಟಿಕ್ ಲ್ಯಾಬಿಗೆ ಹೋಗೋದು ಆ ಸೆಲ್‌ಗಳು ಮಾತ್ರ, ಎಂಬ್ರಿಯೋ ನಮ್ಮ ಟ್ಯಾಂಕಲ್ಲೇ ಇರತ್ತೆ. ರಿಪೋರ್ಟಿಗೆ ಸಾಮಾನ್ಯ ಎರಡು ಮೂರು ವಾರ.

ಒಂದು ಮಾತು ಗಟ್ಟಿಯಾಗಿ ನೆನಪಿಟ್ಕೊಳ್ಳಿ: ಈ ಟೆಸ್ಟ್ ಕೆಟ್ಟ ಎಂಬ್ರಿಯೋನ ಒಳ್ಳೇದು ಮಾಡಲ್ಲ, ಇರೋದ್ರಲ್ಲಿ ಆರಿಸೋಕ್ಕೆ ಮಾತ್ರ ಸಹಾಯ ಮಾಡತ್ತೆ. 2021ರಲ್ಲಿ ಚೀನಾದಲ್ಲಿ 1,212 ಹೆಂಗಸರ ಮೇಲೆ ನಡೆದ ದೊಡ್ಡ ಅಧ್ಯಯನ ಇದೆ, ಎಲ್ಲರೂ 37ರ ಒಳಗಿನವರು, ಪ್ರತಿಯೊಬ್ಬರಿಗೂ ಮೂರಕ್ಕಿಂತ ಕಮ್ಮಿ ಇಲ್ಲದಂಗೆ ಒಳ್ಳೆ ಬ್ಲಾಸ್ಟೊಸಿಸ್ಟ್ ಇತ್ತು. ಕೊನೆಗೆ ಮಗು ಆಗಿದ್ದು ಟೆಸ್ಟ್ ಮಾಡಿಸಿದವರಲ್ಲಿ ಶೇ. 77.2, ಮಾಡಿಸದೇ ಇದ್ದವರಲ್ಲಿ ಶೇ. 81.8. ಗರ್ಭಪಾತ ಮಾತ್ರ ಟೆಸ್ಟ್ ಮಾಡಿಸಿದವರಲ್ಲಿ ಕಮ್ಮಿ ಇತ್ತು. ನಿಮಗೆ ಅವರಿಗಿಂತ ವಯಸ್ಸು ಸ್ವಲ್ಪ ಹೆಚ್ಚು, ಆ ಲೆಕ್ಕ ನಿಮಗೆ ಹಾಗ್‌ಹಾಗೇ ಕೂರಲ್ಲ, ಆದ್ರೂ ಟೆಸ್ಟ್ ಮಾಡಿಸಿದ್ರೆ ಮಗು ಗ್ಯಾರಂಟಿ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ.

ನಿಮ್ಮ ಹತ್ರ ಇರೋದು ಎರಡೇ, ಅದೂ ಆಗಲೇ ಫ್ರೀಜ್ ಆಗಿರೋವು. ಟೆಸ್ಟ್ ಬೇಕಂದ್ರೆ ಕರಗಿಸಿ, ಬಯಾಪ್ಸಿ (ಮೇಲೆ ಹೇಳಿದ ಹಾಗೆ ಸೆಲ್ ತೆಗೆಯೋದು) ಮಾಡಿ, ಮತ್ತೆ ಫ್ರೀಜ್ ಮಾಡಬೇಕು, 3ಬಿಸಿ ಅಂಥದ್ದಕ್ಕೆ ಹೊರಪದರದಲ್ಲೇ ಸೆಲ್ ಕಮ್ಮಿ ಇರೋದ್ರಿಂದ ಅದರಿಂದ ಕಿತ್ಕೊಳೋದು ನಂಗೆ ಇಷ್ಟ ಆಗಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ 4ಬಿಬಿ ಒಂದನ್ನ ನೇರವಾಗಿ ಹಾಕಿಸ್ಕೊಳ್ಳಿ, ನಿಂತ್ರೆ 10ನೇ ವಾರದ ಮೇಲೆ ಎನ್‌ಐಪಿಟಿ, ಅಂದ್ರೆ ತಾಯಿ ರಕ್ತದಿಂದಲೇ ಮಗುವಿನ ಕ್ರೋಮೋಸೋಮ್ ನೋಡೋ ಪರೀಕ್ಷೆ, ಮಾಡಿಸಿ. ಮುಂದೆ ಮತ್ತೆ ಅಂಡಾಣು ತೆಗೆಸಿ ನಾಲ್ಕೈದು ಬ್ಲಾಸ್ಟೊಸಿಸ್ಟ್ ಬಂದ್ರೆ ಆಗ ಟೆಸ್ಟಿಗೆ ಅರ್ಥ ಇದೆ. ಇನ್ನೊಂದು ಗರ್ಭಪಾತ ತಡ್ಕೊಳಕ್ಕೆ ನನ್ನ ಕೈಲಾಗಲ್ಲ ಅನ್ನಿಸಿದ್ರೆ ಅದೂ ಟೆಸ್ಟ್ ಮಾಡಿಸೋಕ್ಕೆ ನ್ಯಾಯವಾದ ಕಾರಣನೇ, ಡಾಕ್ಟರಿಗೆ ಹಾಗಂತಲೇ ಹೇಳಿ. ಜೊತೆಗೆ ಹೋದ ಬಸಿರಿನ ಸ್ಯಾಂಪಲ್ ಜೆನೆಟಿಕ್ ಟೆಸ್ಟಿಗೆ ಕಳಿಸಿದ್ರಾ, ನಿಮ್ಮ ಲ್ಯಾಬಲ್ಲಿ ಬಯಾಪ್ಸಿ ಆದ ಎಂಬ್ರಿಯೋ ಕರಗಿಸಿದಾಗ ಎಷ್ಟು ಉಳೀತವೆ, ಈ ಎರಡನ್ನೂ ಕೇಳದೇ ಸೈನ್ ಹಾಕಬೇಡಿ.

ಪ್ರಶ್ನೆ: ನಮ್ದು ಮಂಡ್ಯ. ಹೆಂಡ್ತಿಗೆ 40. ಟೆಸ್ಟಿಗೆ ಕಳಿಸಿದ ನಾಲ್ಕರಲ್ಲಿ ಮೂರು ಅಬ್‌ನಾರ್ಮಲ್, ಒಂದು 'ಲೋ ಲೆವೆಲ್ ಮೊಸಾಯಿಕ್' ಅಂತ ಬಂದದೆ. ನಾಲ್ಕನ್ನೂ ಬಿಸಾಕೋಕ್ಕೆ ಫಾರಂ ಕೊಟ್ಟವ್ರೆ. ಸೈನ್ ಹಾಕ್ಬೋದಾ ಸಾರ್?

ಉತ್ತರ: ಸಾರ್ ಅಲ್ಲ, ಮೇಡಂ. ಸೈನ್ ಸದ್ಯಕ್ಕೆ ಬೇಡ. ಮೊಸಾಯಿಕ್ ಅಂದ್ರೆ ತೆಗೆದ ಆ ಕೆಲವು ಸೆಲ್‌ಗಳಲ್ಲಿ ಸ್ವಲ್ಪ ಸರಿ ಇವೆ ಸ್ವಲ್ಪ ತಪ್ಪಿವೆ ಅಂತ. ಬ್ಲಾಸ್ಟೊಸಿಸ್ಟಲ್ಲಿ ನೂರರ ಮೇಲೆ ಸೆಲ್ ಇರ್ತವೆ, ನಾವು ತೆಗೆದಿದ್ದು ಮಾಸು ಆಗೋ ಭಾಗದಿಂದ ಬೆರಳೆಣಿಕೆ, ಒಳಗೆ ಮಗು ಆಗೋ ಗುಂಪು ಹೇಗಿದೆ ಅಂತ ಅದು ಪೂರ್ತಿ ಹೇಳಲ್ಲ. 2015ರಲ್ಲಿ ಇಟಲಿಯ ಡಾಕ್ಟರುಗಳು ಬೇರೆ ಎಂಬ್ರಿಯೋ ಇಲ್ಲದ 18 ಹೆಂಗಸರಿಗೆ ಮೊಸಾಯಿಕ್ ಎಂಬ್ರಿಯೋನೇ ಹಾಕಿದ್ರು, ಆರು ಜನಕ್ಕೆ ಆರೋಗ್ಯವಾದ ಮಕ್ಕಳಾದ್ವು. ಅದಾದ ಮೇಲೆ ಎಷ್ಟೋ ಕಡೆ ಇಂಥವನ್ನ ಹಾಕ್ತಾ ಇದಾರೆ. ನಿಲ್ಲೋ ಸಾಧ್ಯತೆ ಸ್ವಲ್ಪ ಕಮ್ಮಿ, ಯಾವ ಕ್ರೋಮೋಸೋಮ್, ಎಷ್ಟು ಪಾಲು ಅನ್ನೋದೂ ಮುಖ್ಯ. ರಿಪೋರ್ಟಿನ ಪೂರ್ತಿ ಕಾಪಿ ಇಸ್ಕೊಂಡು ಜೆನೆಟಿಕ್ ಕೌನ್ಸೆಲರ್ ಹತ್ರ ಕೂತ್ಕೊಳ್ಳಿ, ಮೈಸೂರಲ್ಲಿ ಸಿಗದಿದ್ರೆ ಫೋನಲ್ಲೋ ಬೆಂಗಳೂರಲ್ಲೋ. ಹಾಕಿಸ್ಕೊಂಡು ನಿಂತ್ರೆ 16ನೇ ವಾರದ ಹೊತ್ತಿಗೆ ಆಮ್ನಿಯೋಸೆಂಟೆಸಿಸ್ (ಮಗುವಿನ ಸುತ್ತ ಇರೋ ನೀರು ತೆಗೆದು ಪರೀಕ್ಷೆ ಮಾಡೋದು) ಮಾಡಿಸಬೇಕು. ಅಲ್ಲೀವರೆಗೆ ಅದು ಟ್ಯಾಂಕಲ್ಲೇ ಇರಲಿ.

ಪ್ರಶ್ನೆ: ನಾನು ಸೋದರಮಾವನ್ನೇ ಮದ್ವೆ ಆಗಿರೋದು, ಪಾಂಡವಪುರ ಕಡೆ. ಮೊದಲ ಮಗೂಗೆ ತಲಸ್ಸೀಮಿಯಾ ಮೇಜರ್, ತಿಂಗಳು ತಿಂಗಳು ರಕ್ತ ಹಾಕಿಸ್ತೀವಿ. ಪಿಜಿಟಿ-ಎ ಮಾಡಿಸಿದ್ರೆ ಎರಡನೇ ಮಗು ಸರಿ ಹುಟ್ಟತ್ತಾ?

ಉತ್ತರ: ಆ ಟೆಸ್ಟಲ್ಲಿ ತಲಸ್ಸೀಮಿಯಾ ಗೊತ್ತೇ ಆಗಲ್ಲಮ್ಮ. ಅದು ಕ್ರೋಮೋಸೋಮ್ ಎಣಿಸೋದು, ನಿಮ್ಮ ತೊಂದರೆ ಇರೋದು ಒಂದು ಜೀನ್‌ನಲ್ಲಿ. ನಿಮ್ಮ ಅಜ್ಜಿ ತಾತನೇ ನಿಮ್ಮ ಅತ್ತೆ ಮಾವ, ಹಾಗಾಗಿ ಒಂದೇ ಜೀನ್ ತಪ್ಪು ನಿಮ್ಮಿಬ್ಬರಿಗೂ ಬರೋ ಸಾಧ್ಯತೆ ಜಾಸ್ತಿ. ನಿಮ್ಮಿಬ್ಬರಿಗೂ ಏನೂ ಕಾಯಿಲೆ ಇರಲ್ಲ, ಆದ್ರೆ ಪ್ರತಿ ಬಸಿರಲ್ಲೂ ಮಗೂಗೆ ಕಾಯಿಲೆ ಬರೋ ಸಾಧ್ಯತೆ ನಾಲ್ಕಕ್ಕೆ ಒಂದು. ನಿಮಗೆ ಬೇಕಾಗಿರೋದು ಪಿಜಿಟಿ-ಎಂ, ಅಂದ್ರೆ ಎಂಬ್ರಿಯೋದಲ್ಲಿ ಆ ಒಂದು ಜೀನ್ ತಪ್ಪನ್ನ ಹುಡುಕೋ ಟೆಸ್ಟ್. ಅದಕ್ಕೆ ಮೊದಲು ನಿಮ್ಮಿಬ್ಬರ ಜೊತೆ ಮಗುವಿನ ಸ್ಯಾಂಪಲ್ಲೂ ತಗೊಂಡು, ನಿಮ್ಮ ಮನೆತನದಲ್ಲಿ ಯಾವ ತಪ್ಪು ಅಂತ ಹುಡುಕಿ ಟೆಸ್ಟ್ ತಯಾರು ಮಾಡ್ತಾರೆ, ವಾರಗಟ್ಟಲೆ ಹಿಡಿಯತ್ತೆ, ಅದಾಗೋವರೆಗೆ ಐವಿಎಫ್ ಇಂಜೆಕ್ಷನ್ ಶುರು ಮಾಡಬೇಡಿ. ಕ್ಯಾರಿಯರ್ (ತಪ್ಪು ಜೀನ್ ಒಂದು ಮಾತ್ರ ಇರೋದು, ಕಾಯಿಲೆ ಇಲ್ಲ) ಅಂತ ಬಂದ ಎಂಬ್ರಿಯೋನ ಬೇಡ ಅನ್ನಬೇಡಿ, ನಿಮ್ಮ ಹಾಗೇ ಆರೋಗ್ಯವಾಗಿರತ್ತೆ. ಐವಿಎಫ್ ಬೇಡ ಅನ್ನಿಸಿದ್ರೆ ಇನ್ನೊಂದು ದಾರಿ ಇದೆ: ಸಹಜವಾಗಿ ಬಸಿರಾಗಿ 11ರಿಂದ 13ನೇ ವಾರದೊಳಗೆ ಸಿವಿಎಸ್ (ಮಾಸಿನ ಸಣ್ಣ ಚೂರು ತೆಗೆದು ಪರೀಕ್ಷೆ) ಮಾಡಿಸೋದು.

ಪ್ರಶ್ನೆ: ಇಬ್ಬರು ಹೆಣ್ಮಕ್ಳು ಅವ್ರೆ. ಈ ಟೆಸ್ಟಲ್ಲಿ ಗಂಡು ಯಾವ್ದು ಅಂತ ಗೊತ್ತಾಗ್ತದಂತಲ್ಲ? (ಮದ್ದೂರು)

ಉತ್ತರ: ಯಂತ್ರಕ್ಕೆ ಗೊತ್ತಾಗತ್ತೆ, ನಿಮಗೆ ಹೇಳೋ ಹಾಗಿಲ್ಲ. ಗಂಡೋ ಹೆಣ್ಣೋ ಪತ್ತೆ ಮಾಡೋದನ್ನ ತಡೆಯೋ 1994ರ ಪಿಸಿಪಿಎನ್‌ಡಿಟಿ ಕಾಯ್ದೆಗೆ 2003ರಲ್ಲಿ ತಿದ್ದುಪಡಿ ಆದ ಮೇಲೆ ಎಂಬ್ರಿಯೋ ಹಂತದಲ್ಲಿ ಆರಿಸೋದೂ ಅಪರಾಧ, ಕೇಳೋವರಿಗೂ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು, 50 ಸಾವಿರದವರೆಗೆ ದಂಡ. 2023ರಲ್ಲಿ ನಮ್ಮ ಮಂಡ್ಯದ ಆಲೆಮನೇಲಿ ಸ್ಕ್ಯಾನಿಂಗ್ ಮಷೀನ್ ಇಟ್ಕೊಂಡು ಹೆಣ್ಣು ಭ್ರೂಣ ಹುಡುಕ್ತಿದ್ದಿದ್ದು ಬಯಲಾದಾಗ ನಂಗೆ ಎಷ್ಟೋ ದಿನ ಸರಿಯಾಗಿ ನಿದ್ದೆ ಬರ್ಲಿಲ್ಲ. ನಾನು ಯಾವ ಎಂಬ್ರಿಯೋನೂ ಆ ಕಣ್ಣಲ್ಲಿ ನೋಡಲ್ಲ. ಇರೋ ಇಬ್ಬರು ಮಕ್ಕಳನ್ನ ಚೆನ್ನಾಗಿ ಓದಿಸಿ.

ಪ್ರಶ್ನೆ: ಟ್ರಾನ್ಸ್‌ಫರ್ ಡೇಟ್ ಆಷಾಢದಲ್ಲಿ ಬಂದಿದೆ, ಮನೇಲಿ ಶ್ರಾವಣ ಬರಲಿ ಅಂತಿದಾರೆ. ಕಾದ್ರೆ ಎಂಬ್ರಿಯೋ ಹಾಳಾಗತ್ತಾ? (ಸರಸ್ವತಿಪುರಂ)

ಉತ್ತರ: ಹಾಳಾಗಲ್ಲ. ಮೈನಸ್ 196 ಡಿಗ್ರಿ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಅದಕ್ಕೆ ವಯಸ್ಸೇ ಆಗಲ್ಲ, ನಮ್ಮ ಕಾನೂನಲ್ಲಿ ಹತ್ತು ವರ್ಷದವರೆಗೂ ಇಡಬಹುದು. ಮಾತ್ರೆ ಇನ್ನೂ ಶುರು ಆಗಿಲ್ಲದಿದ್ರೆ ಫೋನ್ ಮಾಡಿ ಮುಂದಿನ ಸೈಕಲ್‌ಗೆ ಹಾಕಿಸ್ಕೊಳ್ಳಿ. ಆಗಲೇ ಶುರು ಮಾಡಿದ್ರೆ ಮಧ್ಯದಲ್ಲಿ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನ ಕೇಳಿ.