ಕರೆ ಬಂದಿತ್ತೋ, ಹೋಗುವ ಮನಸ್ಸಿತ್ತೋ: ಪುಣೆಯ ಮಾಜಿ ಸೈನಿಕರೊಬ್ಬರ ಮನೆಯ ಪ್ರಕರಣ

2025ರ ಮೇ ತಿಂಗಳಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬಂದ ದಂಪತಿಯ ಪ್ರಕರಣ ಇದು. ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ಪಲ್ಟನ್, ಮನೆಯ ವಿವರ ಬದಲಿಸಿದ್ದೇನೆ. ಹೆಸರು ಕೊಡುವುದಿಲ್ಲ.

ಉತ್ತರ ಕರ್ನಾಟಕದ ಕಡೆಯವರು. ಪುಣೆಯ ವಿಶ್ರಾಂತವಾಡಿ ಕಡೆ ಸ್ವಂತ ಫ್ಲ್ಯಾಟು, ಅದರ ಮೇಲೆ ಸಾಲ. ಗಂಡ 2006ರ ಕೊನೆಯಲ್ಲಿ ಸೇನೆಗೆ ಭರ್ತಿಯಾಗಿ, 17 ವರ್ಷ ಮುಗಿಸಿ, 2023ರ ಕೊನೆಯಲ್ಲಿ ಲ್ಯಾನ್ಸ್ ನಾಯಕ್ ಆಗಿ ಪೆನ್ಷನ್ ಬಂದವರು. ಈಗ ಹಿಂಜವಡಿಯ ಒಂದು ಐಟಿ ಆಫೀಸಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಹೆಂಡತಿ ಮನೆಯಲ್ಲೇ ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾರೆ. ಪಿಂಪ್ರಿ, ಚಿಂಚವಾಡದ ಕನ್ನಡದ ಮನೆಗಳಿಂದ ಜಾಸ್ತಿ ಆರ್ಡರ್. ಸಂಜೆ ಸ್ಕೂಟರಿನಲ್ಲಿ ಅವನ್ನು ಮುಟ್ಟಿಸಿ ಬರುವ ಕೆಲಸ ಗಂಡನದು. ಮಗಳು ಎಂಟನೇ ಕ್ಲಾಸು ಮುಗಿಸಿದ್ದಾಳೆ.

ಮೊದಲು ಬಂದದ್ದು ಹೆಂಡತಿ ಒಬ್ಬರೇ. ಕೂತ ತಕ್ಷಣ ಕೇಳಿದರು: “ಅಕ್ಕಾರ, ಪೆನ್ಷನ್ ಬಂದವರನ್ನ ವಾಪಸ್ ಕರೀಬಹುದೇನ್ರಿ? ಅವರನ್ನ ಕರದಾರಂತ. ಹೋಗಲೇಬೇಕಂತ.”

ಆ ದಿನಗಳು ಹೇಗಿದ್ದವು ಎಂದು ನೆನಪಿಸಿಕೊಳ್ಳಬೇಕು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದಿದ್ದರು. ಅದರಲ್ಲಿ ಪುಣೆಯವರೂ ಇದ್ದರು, ಶಿವಮೊಗ್ಗದವರೂ ಇದ್ದರು. ಮೇ 7ರಂದು ಆಪರೇಷನ್ ಸಿಂಧೂರ್ ಶುರುವಾಯಿತು. ಅದೇ ದಿನ ದೇಶದ ತುಂಬ ನಾಗರಿಕ ರಕ್ಷಣೆಯ ಮಾಕ್ ಡ್ರಿಲ್ ಇತ್ತು. ಅದಾಗಿ ಎರಡು ದಿನಕ್ಕೆ, ಬೇರೆ ಉದ್ಯೋಗ ಇದ್ದವರು ಸೇರುವ ಪಡೆಯಾದ ಟೆರಿಟೋರಿಯಲ್ ಆರ್ಮಿಯನ್ನು ಕರೆಸಿಕೊಳ್ಳಲು ಸೇನಾ ಮುಖ್ಯಸ್ಥರಿಗೆ ಅಧಿಕಾರ ಕೊಟ್ಟ ಸುದ್ದಿ ಬಂತು. ಫೌಜಿ ಮನೆಗಳ ವಾಟ್ಸಾಪ್ ಗುಂಪುಗಳಲ್ಲಿ ಈ ಸುದ್ದಿ ಬೇರೆಯೇ ರೂಪ ಪಡೆಯಿತು. “ಮಾಜಿ ಸೈನಿಕರೆಲ್ಲ ತಯಾರಾಗಿ, ಕರೆ ಬಂದಿದೆ” ಎಂದು ಹರಿದಾಡಿತು.

ಆಕೆಯ ಮನೆಯಲ್ಲಿ ಭಯಕ್ಕೆ ಇನ್ನೊಂದು ಕಾರಣ ಇತ್ತು. ಗಂಡನ ದೊಡ್ಡಪ್ಪ ಹಳೆಯ ಕಾಲದ ಸಿಪಾಯಿ. ಆಗಿನ ಷರತ್ತು 7 ವರ್ಷ ಕಲರ್ ಸರ್ವಿಸ್, ಅಂದರೆ ಪಲ್ಟನ್‌ನಲ್ಲೇ ನೌಕರಿ; ಆಮೇಲೆ 8 ವರ್ಷ ರಿಸರ್ವ್, ಅಂದರೆ ಮನೆಯಲ್ಲಿದ್ದರೂ ಕರೆದರೆ ಹೋಗುವ ಹೊಣೆ. ಅವರು ಊರಿಗೆ ಬಂದು ಹೊಲ ಮಾಡಿಕೊಂಡಿದ್ದಾಗ, 1971ರಲ್ಲಿ ತಂತಿ ಬಂದು ವಾಪಸ್ ಹೋಗಿದ್ದರು. ಬಿತ್ತನೆ ಅರ್ಧಕ್ಕೆ ನಿಂತಿದ್ದನ್ನು ಅತ್ತೆ ಈಗಲೂ ಹೇಳುತ್ತಾರಂತೆ. ಹಾಗಾಗಿ ಗಂಡ “ಕರೆದಾರ” ಎಂದಾಗ ಆಕೆ ಒಂದು ಮಾತೂ ಎದುರು ಕೇಳಲಿಲ್ಲ. ಅವರು ಟ್ರಂಕು ತೆಗೆದು ಬೂಟಿಗೆ ಪಾಲಿಶ್ ಹಾಕುವುದನ್ನು ಸುಮ್ನೆ ನೋಡುತ್ತ ನಿಂತರು. ರಾತ್ರಿ ನಿದ್ದೆ ಇಲ್ಲ. ಬಂದ ರೊಟ್ಟಿ ಆರ್ಡರುಗಳನ್ನು ಬೇಡ ಎಂದು ಹೇಳತೊಡಗಿದ್ದರು.

ನಾನು ವಕೀಲಳಲ್ಲ. ಆದರೆ ಪುಣೆಯಲ್ಲಿ ಫೌಜಿ ಕುಟುಂಬಗಳ ಜೊತೆ ಕೆಲಸ ಮಾಡುವಾಗ ಕೆಲವು ವಿಷಯ ತಿಳಿದಿರಲೇಬೇಕು. ಇಲ್ಲಿ ಎರಡು ಬೇರೆ ಬೇರೆ ಸಂಗತಿ ಕಲೆಸಿಹೋಗಿದ್ದವು.

ಒಂದು, ರಿಸರ್ವ್. ಈ ಗಂಡ ಸೇರಿದ ಕಾಲದಲ್ಲಿ ಸಿಪಾಯಿಯಾಗಿ ಭರ್ತಿಯಾಗುವಾಗಲೇ ಇದು ಷರತ್ತಿನಲ್ಲಿ ಇರುತ್ತಿತ್ತು. 17 ವರ್ಷ ಕಲರ್ ಸರ್ವಿಸ್ ಆದ ಮೇಲೆ 2 ವರ್ಷ, ಇಲ್ಲವೇ 40 ವರ್ಷ ವಯಸ್ಸಾಗುವವರೆಗೆ, ಯಾವುದು ಮೊದಲೋ ಅಲ್ಲಿಯತನಕ ರಿಸರ್ವ್ ಹೊಣೆ. ಆ ಲೆಕ್ಕದಲ್ಲಿ ಈ ಗಂಡನಿಗೆ 2025ರ ಕೊನೆಯವರೆಗೂ ಹೊಣೆ ಇತ್ತು. ಅಂದರೆ ಆಕೆಯ ಭಯ ಸುಳ್ಳಲ್ಲ. ಕಾಗದದಲ್ಲಿ ಅದಕ್ಕೆ ಜಾಗ ಇತ್ತು.

ಎರಡು, ಟೆರಿಟೋರಿಯಲ್ ಆರ್ಮಿ, ಫೌಜಿಗಳ ಮಾತಿನಲ್ಲಿ ಟಿಎ. ಇದು 1948ರ ಕಾಯ್ದೆಯ ಪ್ರಕಾರ ನಡೆಯುವ ಬೇರೆ ಪಡೆ. ಬೇರೆ ನೌಕರಿ, ಉದ್ಯೋಗ ಇದ್ದವರು ತಾವಾಗಿ ಸೇರುವಂಥದ್ದು. ಆ ಸುದ್ದಿಯ ಹಿಂದಿದ್ದ ಮೇ 6ರ ಆದೇಶ ಇದ್ದದ್ದು ಟಿಎ ನಿಯಮ 33ರ ಕೆಳಗೆ. ಅದರಲ್ಲಿ 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ನಿಯೋಜಿಸುವ ಮಾತು ಇತ್ತು. ಪೆನ್ಷನ್ ಬಂದ ಸಿಪಾಯಿಗಳನ್ನು ರಿಸರ್ವ್‌ನಿಂದ ಎಬ್ಬಿಸುವ ಆದೇಶ ಅದಲ್ಲ. ರಿಸರ್ವ್‌ನವರನ್ನು ಕರೆಯುವುದಿದ್ದರೆ ಸರ್ಕಾರದ ಆದೇಶ ಬೇಕು. ಆಮೇಲೆ ಅವರವರ ರೆಜಿಮೆಂಟಿನ ರೆಕಾರ್ಡ್ ಆಫೀಸಿನಿಂದ ಹೆಸರು, ನಂಬರು ಹಾಕಿದ ಪತ್ರ ಬರುತ್ತದೆ. ವಾಟ್ಸಾಪಿನ ಫಾರ್ವರ್ಡ್ ಬರುವುದಿಲ್ಲ.

ಆಕೆಗೆ ಕೇಳಿದೆ, ಪತ್ರ ನೋಡಿದಿರಾ? “ಇಲ್ರಿ. ಅವರು ಹೇಳಿದ್ರು. ಅವರು ಸುಳ್ಳು ಹೇಳೋ ಮನುಷ್ಯಾ ಅಲ್ರಿ.”

ಮುಂದಿನ ಸಲ ಇಬ್ಬರೂ ಬಂದರು. ಗಂಡನ ಮಾತೆಲ್ಲ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು. “ಡ್ಯೂಟಿ ಮೇಡಂ. ಕರೆದ್ರ ಹೋಗಬೇಕು.” ಯಾವಾಗ ಹಾಜರಾಗಬೇಕು, ಎಲ್ಲಿಗೆ ಎಂದು ಕೇಳಿದರೆ ಮೈ ಬಿಗಿಯಾಗುತ್ತಿತ್ತು, ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. ಹೆಂಡತಿಯನ್ನು ಹೊರಗೆ ಕೂರಿಸಿ ಅವರೊಬ್ಬರ ಜೊತೆ ಮಾತಾಡುವುದು ಒಳ್ಳೆಯದು ಅನ್ನಿಸಿತು. ಮೊದಲೇ ಇಬ್ಬರಿಗೂ ನಿಯಮ ಹೇಳಿದೆ: ಒಬ್ಬರು ನನಗೆ ಹೇಳಿದ್ದನ್ನು ಇನ್ನೊಬ್ಬರಿಗೆ ನಾನು ಹೇಳುವುದಿಲ್ಲ. ಆದರೆ ಸಂಸಾರಕ್ಕೆ ಸಂಬಂಧಿಸಿದ ಗುಟ್ಟನ್ನು ಬಹಳ ದಿನ ಇಟ್ಟುಕೊಂಡು ಇಬ್ಬರಿಗೂ ಸಲಹೆ ಕೊಡುವುದೂ ಆಗುವುದಿಲ್ಲ.

ಒಬ್ಬರೇ ಆದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಪತ್ರ ಬಂದಿಲ್ಲ. ರಿಸರ್ವ್‌ನಿಂದ ಯಾರೂ ಕರೆದಿಲ್ಲ. ಹಳೆಯ ಸುಬೇದಾರ್ ಸಾಹೇಬರೊಬ್ಬರನ್ನು ಹಿಡಿದು ಟಿಎಗೆ ಸೇರಲು ತಾವೇ ಕಾಗದ ತಯಾರು ಮಾಡಿದ್ದರು. ಟಿಎ ಭರ್ತಿಗೆ 42 ವರ್ಷದವರೆಗೆ ಅವಕಾಶ ಇದೆ. ಅವರಿಗೆ ಇನ್ನೂ 40 ಆಗಿಲ್ಲ.

ಯಾಕೆ ಹೀಗೆ ಹೇಳಿದಿರಿ ಎಂದು ನಾನು ಕೇಳಲಿಲ್ಲ. ಆಫೀಸಿನಲ್ಲಿ ಬೆಳಗ್ಗೆಯಿಂದ ಸಂಜೆತನಕ ಏನೇನು ಮಾಡುತ್ತೀರಿ ಹೇಳಿ ಅಂದೆ. ಅದನ್ನು ಕೇಳಿದವರು ಅವರಿಗೆ ಬಹುಶಃ ಯಾರೂ ಇರಲಿಲ್ಲ. ಗೇಟಿನಲ್ಲಿ ಕಾರುಗಳ ಡಿಕ್ಕಿ ತೆಗೆಸಿ ನೋಡುವುದು, ಐಡಿ ಕಾರ್ಡ್ ಮರೆತ ಹುಡುಗರಿಂದ ಬೈಸಿಕೊಳ್ಳುವುದು, ರಿಜಿಸ್ಟರ್ ಬರೆಯುವುದು. ಪಲ್ಟನ್‌ನಲ್ಲಿ ಹತ್ತು ಜನರ ಜೀವ ಇವರ ಮಾತಿನ ಮೇಲೆ ನಿಂತಿರುತ್ತಿತ್ತು. “ಇಲ್ಲಿ ನಾ ಬಂದೆನೋ ಬಿಟ್ಟೆನೋ ಯಾರಿಗೂ ಗೊತ್ತಾಗೂದಿಲ್ರಿ.” ಪಹಲ್ಗಾಮ್ ಸುದ್ದಿ ನೋಡಿದ ರಾತ್ರಿ ಅವರು ಗೇಟಿನ ಕೋಣೆಯಲ್ಲಿ ಕೂತು ಅತ್ತಿದ್ದರು. ಜೊತೆಗಿದ್ದವರು ಇನ್ನೂ ಗಡಿಯಲ್ಲಿದ್ದಾರೆ, ತಾನು ಇಲ್ಲಿ ಎಂಬ ಸಂಕಟ.

ಈ ಸಂಕಟವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. 19ರ ವಯಸ್ಸಿಗೆ ಹೋಗಿ 36ಕ್ಕೆ ಹೊರಬಂದ ಮನುಷ್ಯ ಅವರು. ಒಂದು ಹುಚ್ಚು ಆಸೆ ಅಂತ ಇದನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೆ ತನ್ನ ಆಸೆಯನ್ನು ಅವರು ಸರ್ಕಾರದ ಆದೇಶ ಎಂದು ಮನೆಯಲ್ಲಿ ಹೇಳಿದ್ದರು. ತೊಂದರೆ ಅಲ್ಲಿತ್ತು. ಆದೇಶ ಆದರೆ ಹೆಂಡತಿ ಅಳಬಹುದು, ಜಗಳ ಮಾಡುವಂತಿಲ್ಲ. ಆಸೆ ಎಂದರೆ ಆಕೆ ಬೇಡ ಅನ್ನಬಹುದು. ಬೇಡ ಅನ್ನುವ ಅವಕಾಶವನ್ನೇ ಅವರು ಆಕೆಯಿಂದ ಕಿತ್ತುಕೊಂಡಿದ್ದರು. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ.

ನಾನು ಕೊಟ್ಟ ಮೊದಲ ಸಲಹೆ: ಒಂದು ವಾರದ ಒಳಗೆ ನಿಜ ಹೇಳಿ. ಮನೆಯಲ್ಲಿ ಹೇಳುವುದು ಕಷ್ಟವಾದರೆ ಇಲ್ಲಿಗೇ ಬನ್ನಿ, ನಾನು ಜೊತೆಗೆ ಕೂರುತ್ತೇನೆ. ಹೇಳುವಾಗ ‘ದೇಶಕ್ಕೋಸ್ಕರ’ ಅಂತ ಶುರು ಮಾಡಬೇಡಿ. ಆ ಮಾತಿಗೆ ಆಕೆ ಎದುರು ಆಡಲು ಆಗುವುದಿಲ್ಲ. ‘ನನಗೆ ಹೋಗಬೇಕು ಅನ್ನಿಸಿದೆ’ ಅಂತ ಶುರು ಮಾಡಿ.

ಅವರು ನನ್ನ ಎದುರೇ ಹೇಳಿದರು. ಆಕೆ ಅಳಲಿಲ್ಲ. ಸಿಟ್ಟು ಬಂತು, ಬಹಳ ಸಿಟ್ಟು. ವರ್ಷಕ್ಕೆ 60 ದಿನದ ರಜೆ, 30 ದಿನದ ಕ್ಯಾಶುವಲ್, ಅಷ್ಟರಲ್ಲೇ ಮದುವೆ, ಬಾಣಂತನ, ಮಾವನ ತಿಥಿ ಎಲ್ಲ ಹೊಂದಿಸಿದ್ದು ತಾನು ಎಂದರು. “ಹೋಗಬ್ಯಾಡ ಅಂತ ನಾ ಎಂದಾದ್ರೂ ಅಂದೀನೇನು? ಒಂದ ಸರ್ತಿ ಕೇಳಬೇಕಿತ್ತಲ್ಲ!” ಆ ಸಿಟ್ಟನ್ನು ತಣ್ಣಗಾಗಿಸಲು ನಾನು ಅವಸರ ಮಾಡಲಿಲ್ಲ. ಗಂಡ ಮಧ್ಯೆ ಬಾಯಿ ಹಾಕಲು ಹೋದಾಗಲೂ ತಡೆದೆ. 17 ವರ್ಷದ ಮಾತು ಅದು, ಪೂರ್ತಿ ಹೊರಬರಲಿ ಅನ್ನಿಸಿತು.

ಆಮೇಲಿನ ಕೆಲಸ ಹೆಚ್ಚಿನದು ಕಾಗದದ ಕೆಲಸ. ಇಂಥ ಮನೆಗಳಲ್ಲಿ ಭಯ ಕಡಿಮೆ ಮಾಡಲು ಉಸಿರಾಟದ ವ್ಯಾಯಾಮಕ್ಕಿಂತ ಇದು ಜಾಸ್ತಿ ಉಪಯೋಗಕ್ಕೆ ಬರುವುದನ್ನು ನಾನು ಕಂಡಿದ್ದೇನೆ. ಡಿಸ್ಚಾರ್ಜ್ ಬುಕ್ ತೆಗೆದು ರಿಸರ್ವ್ ಯಾವ ತಾರೀಖಿನವರೆಗೆ ಇದೆ ಎಂದು ಇಬ್ಬರೂ ಕೂತು ಓದಬೇಕು. ಸಂಶಯ ಇದ್ದರೆ ರೆಕಾರ್ಡ್ ಆಫೀಸಿಗೆ ಗಂಡ ಫೋನ್ ಮಾಡಬೇಕು, ಹೆಂಡತಿ ಪಕ್ಕದಲ್ಲೇ ಇರಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಬಹುದು. ಪಿಪಿಒ (ಪೆನ್ಷನ್ ಮಂಜೂರಾತಿ ಆದೇಶ), ಜಾಯಿಂಟ್ ಅಕೌಂಟ್, ನಾಮಿನಿ, ಆಕೆಯ ಮತ್ತು ಮಗಳ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್, ಫ್ಲ್ಯಾಟಿನ ಕಂತು ಯಾವ ಖಾತೆಯಿಂದ ಹೋಗುತ್ತದೆ, ಎಲ್ಲ ಆಕೆಗೆ ಗೊತ್ತಿರಬೇಕು. ಇದು ಕರೆ ಬರಲಿ, ಬಿಡಲಿ, ಮಾಡಬೇಕಾದ್ದೇ.

ಎರಡು ಕಾನೂನಿನ ವಿಷಯವನ್ನೂ ಹೇಳಿದೆ, ಯಾಕೆಂದರೆ ಊರಲ್ಲಿ ಅಣ್ಣತಮ್ಮಂದಿರ ಜಮೀನಿನ ದಾವೆ ಒಂದಿದೆ. ಯುದ್ಧದಂಥ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಸೈನಿಕನ ಗೈರಿನಲ್ಲಿ ಸಿವಿಲ್, ಕಂದಾಯ ದಾವೆ ಮುಂದುವರಿದು ಅವನಿಗೆ ಅನ್ಯಾಯ ಆಗದಂತೆ 1925ರ ಭಾರತೀಯ ಸೈನಿಕರ ದಾವೆ ಕಾಯ್ದೆ ರಕ್ಷಣೆ ಕೊಡುತ್ತದೆ. ಅದಕ್ಕೆ ಕೋರ್ಟಿಗೆ ತಿಳಿಸುವುದು ಮುಖ್ಯ, ವಕೀಲರಿಗೆ ಈಗಲೇ ಹೇಳಿಡಿ ಅಂದೆ. ಟಿಎಗೆ ಹೋದವರನ್ನು ಸೇವೆ ಮುಗಿದ ಮೇಲೆ ಮಾಲೀಕರು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಟಿಎ ಕಾಯ್ದೆಯ 7ಎ ಕಲಂ ಹೇಳುತ್ತದೆ. ಗುತ್ತಿಗೆ ಏಜೆನ್ಸಿಯ ಕೆಲಸದಲ್ಲಿ ಅದು ಎಷ್ಟು ನಡೆಯುತ್ತದೆ ಎಂಬುದನ್ನು ಏಜೆನ್ಸಿಯವರ ಹತ್ತಿರ ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು.

ಮಗಳಿಗೆ ಏನು ಹೇಳುವುದು ಎಂದು ಇಬ್ಬರೂ ಕೇಳಿದರು. ಟ್ರಂಕು ನೋಡಿದ್ದಾಳೆ, ಅವಳಿಗೆ ಏನೋ ಗೊತ್ತಿದೆ. “ಅಪ್ಪನನ್ನು ಯಾರೂ ಕರೆದಿಲ್ಲ, ಅಪ್ಪನಿಗೆ ಹೋಗುವ ಮನಸ್ಸಿದೆ, ನಾವಿಬ್ಬರೂ ಮಾತಾಡುತ್ತಿದ್ದೇವೆ” ಎಂದಷ್ಟೇ ಹೇಳಿ ಅಂದೆ. ಅದನ್ನು ಅಪ್ಪನೇ ಹೇಳಬೇಕು. ಮನೆಯಲ್ಲಿ ಇಡೀ ದಿನ ನಡೆಯುತ್ತಿದ್ದ ಸುದ್ದಿ ಚಾನೆಲ್ಲನ್ನು ರಾತ್ರಿ ಒಂದು ಬುಲೆಟಿನ್‌ಗೆ ಇಳಿಸಿದರು. ಮೇ 10ರಂದು ಗುಂಡಿನ ದಾಳಿ ನಿಂತಿದ್ದರೂ ಅವರ ಮನೆಯ ಟಿವಿ ನಿಂತಿರಲಿಲ್ಲ!

ಹೋಗಬೇಕೋ ಬೇಡವೋ ಎಂದು ನಾನು ಹೇಳಲಿಲ್ಲ. ಅದು ನನ್ನ ಕೆಲಸವಲ್ಲ. ಅವರಿಬ್ಬರು ತಿಂಗಳುಗಟ್ಟಲೆ ಜಗಳವಾಡಿ, ಮಾತಾಡಿ ಒಂದು ಕಡೆ ಬಂದರು. ಟಿಎ ಕಾಗದ ಸದ್ಯಕ್ಕೆ ವಾಪಸ್. ಮಗಳ ಹತ್ತನೇ ಪರೀಕ್ಷೆ 2027ರಲ್ಲಿ ಮುಗಿಯುತ್ತದೆ. ಆಗಲೂ ಅವರಿಗೆ ವಯಸ್ಸಿನ ಅವಕಾಶ ಇರುತ್ತದೆ. ಆಗ ಈ ಮಾತನ್ನು ಮತ್ತೆ ತೆಗೆಯುವುದು. ರಿಸರ್ವ್ ಹೊಣೆ ಮುಗಿಯುವುದರೊಳಗೆ ನಿಜವಾಗಿ ಕರೆ ಬಂದರೆ ಹೋಗುವುದೇ. ಅದರ ಬಗ್ಗೆ ಇಬ್ಬರಿಗೂ ಎರಡು ಮಾತಿಲ್ಲ. ಆಕೆಯ ಷರತ್ತು ಒಂದು: ಪತ್ರವನ್ನು ಮೊದಲು ತಾನು ಓದಬೇಕು.

ಗೇಟಿನ ಕೆಲಸದ ನೋವು ಹಾಗೇ ಇತ್ತು. ಅದಕ್ಕೆ ಬೇರೆ ದಾರಿ ಹುಡುಕಿದೆವು. ಭಾನುವಾರಗಳಲ್ಲಿ ಅವರು ಸೇನೆ, ಪೊಲೀಸ್ ಭರ್ತಿಗೆ ತಯಾರಾಗುವ ಬಡಾವಣೆಯ ಹುಡುಗರಿಗೆ ಓಟ, ಕವಾಯತು ಕಲಿಸುತ್ತಿದ್ದಾರೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಇಸಿಎಚ್‌ಎಸ್ ಮೂಲಕ ಮನೋವೈದ್ಯರನ್ನು ನೋಡಲು ಒಪ್ಪಿದ್ದಾರೆ, ಆಕೆ ಜೊತೆಗೆ ಹೋಗುತ್ತಾರೆ. ರೊಟ್ಟಿ ಆರ್ಡರು ಮತ್ತೆ ತೆಗೆದುಕೊಳ್ಳುತ್ತಿದ್ದಾರೆ. ಆದರೆ ಮುಟ್ಟಿಸುವುದಕ್ಕೆ ಒಬ್ಬ ಹುಡುಗನನ್ನು ಇಟ್ಟಿದ್ದಾರೆ. ಗಂಡ ಇದ್ದರೂ, ಹೋದರೂ ಆ ಕೆಲಸ ನಿಲ್ಲಬಾರದು ಎಂದು ಆಕೆಯೇ ಯೋಚಿಸಿ ಮಾಡಿದ್ದು.